ಅಂಗಡಿ ನಿಮ್ದು, ಓಟಿಪಿ ಯಾರ ಮೊಬೈಲ್‌ಗೆ ಬರುತ್ತೆ?

ದಾವಣಗೆರೆಲಿ ಚೌಕಿಪೇಟೆ, ಮಂಡಿಪೇಟೆ ಕಡೆ ಅಂಗಡಿಗಳಿಗೆ ಕಂಪ್ಯೂಟರ್, ಬಿಲ್ಲಿಂಗ್, ಟ್ಯಾಲಿ (ಲೆಕ್ಕ ಬರೆಯೋ ಸಾಫ್ಟ್‌ವೇರ್) ಇವೆಲ್ಲ ನೋಡ್ಕೊಳ್ಳೋದು ನನ್ನ ಕಸುಬು. ಪ್ರಿಂಟರ್ ಕಚ್ಕೊಂಡಿದೆ, ನೆಟ್ ಬರ್ತಿಲ್ಲ ಅಂತ ಕರೀತಾರೆ, ಹೋಗಿ ಸರಿ ಮಾಡಿ ಟೀ ಕುಡಿದು ಬರ್ತೀನಿ, ಅದೇನು ದೊಡ್ಡ ಕೆಲಸ ಅಲ್ಲ. ಆದ್ರೆ ಸಾವ್ಕಾರ್ರು ತಲೆ ಮೇಲೆ ಕೈ ಹೊತ್ತು ಕೂತಿದ್ದನ್ನ ನಾನು ನೋಡಿರೋ ಕಡೆಯೆಲ್ಲ ಕಾರಣ ಹೆಚ್ಚುಕಮ್ಮಿ ಒಂದೇ, ಅಂಗಡಿಯ ಮೊಬೈಲ್ ನಂಬರ್, ಇಮೇಲ್, ಪಾಸ್‌ವರ್ಡ್, ಲೆಕ್ಕದ ಡೇಟಾ ಬೇರೆ ಯಾರದೋ ಕೈಲಿತ್ತು. ಗಲ್ಲಾಪೆಟ್ಟಿಗೆ ಕೀ ಸೊಂಟಕ್ಕೆ ಸಿಗಿಸ್ಕೊಂಡು ಓಡಾಡೋರು ಇದನ್ನ ಮಾತ್ರ ಕಂಡೋರ ಕೈಗೆ ಬಿಟ್ಟಿರ್ತಾರೆ. ಅದಕ್ಕೇ ಇದನ್ನ ಬರೀತಿದೀನಿ.

ಮೊದ್ಲು ಒಂದು ಪರೀಕ್ಷೆ, ಇವತ್ತೇ ಮಾಡಿ ನೋಡಿ. ಅಂಗಡಿ ಬೋರ್ಡ್ ಮೇಲೆ ಜಿಎಸ್‌ಟಿ ನಂಬರ್ ಬರ್ಸಿರ್ತೀರಲ್ಲ (ಬರ್ಸಿಲ್ಲ ಅಂದ್ರೆ ಬರ್ಸಿ, ಅದು ರೂಲ್), ಅದನ್ನ ನೋಡ್ಕೊಂಡು ಜಿಎಸ್‌ಟಿ ಪೋರ್ಟಲ್‌ನ ಲಾಗಿನ್ ಪೇಜಿಗೆ ಹೋಗಿ, ಅಲ್ಲಿ ಫರ್ಗಾಟ್ ಯೂಸರ್‌ನೇಮ್ ಅಂತ ಇರುತ್ತೆ ಅದನ್ನ ಒತ್ತಿ, ನಂಬರ್ ಹಾಕಿ, ಓಟಿಪಿ ಕೇಳಿ. ಈಗ ಯಾರ ಮೊಬೈಲ್ ಟಣ್ ಅನ್ನುತ್ತೆ ನೋಡಿ. ನಿಮ್ಮ ಮೊಬೈಲ್‌ಗೆ ಬಂತಾ, ಒಳ್ಳೇದಾಯ್ತು. ಬರ್ಲಿಲ್ವಾ, ಹಂಗಾದ್ರೆ ಮುಂದಿಂದು ನಿಮಗೋಸ್ಕರನೇ.

ಇದ್ರಲ್ಲಿ ಆಡಿಟರ್‌ಗಳನ್ನ ಬೈಯೋದಕ್ಕೆ ನನಗೆ ಮನಸಿಲ್ಲ. 2017ರ ಜುಲೈ 1ಕ್ಕೆ ಜಿಎಸ್‌ಟಿ ಶುರುವಾಯ್ತಲ್ಲ, ಆಗ ನಮ್ಮ ಕಡೆ ಎಷ್ಟು ಜನ ಅಂಗಡಿಯವ್ರ ಹತ್ರ ಇಮೇಲ್ ಇತ್ತು ಹೇಳಿ. ಓಟಿಪಿ ಕೇಳೋಕೆ ಫೋನ್ ಮಾಡಿದ್ರೆ "ಗಿರಾಕಿ ಇದಾರೆ ಆಮೇಲೆ ಮಾಡಿ" ಅಂತಿದ್ವಿ, ಅವ್ರಿಗೋ ನೂರಾರು ರಿಜಿಸ್ಟ್ರೇಷನ್ ಮುಗಿಸೋ ಗಡಿಬಿಡಿ, ಸೈಟ್ ಬೇರೆ ನಿಂತು ನಿಂತು ಹೋಗೋದು. ತಮ್ದೇ ನಂಬರ್, ತಮ್ದೇ ಇಮೇಲ್ ಹಾಕಿ ಕೆಲಸ ಮುಗಿಸಿದ್ರು. ಅವತ್ತು ಅದು ಉಪಕಾರನೇ. ಆದ್ರೆ ಅದು ಹಂಗೇ ಉಳ್ಕೊಂಡುಬಿಡ್ತು ನೋಡಿ, ಅದೇ ತೊಂದ್ರೆ.

ಒಂದು ಹಾರ್ಡ್‌ವೇರ್ ಅಂಗಡಿ. ರಿಟರ್ನ್ ಫೈಲ್ ಮಾಡ್ತಿದ್ದೋರು ಊರು ಬಿಟ್ಟು ಹೋದ್ರು, ಹೋಗೋವಾಗ ಹೇಳಿದ್ರಂತೆ, ಇವ್ರು ಬೇರೆಯವ್ರನ್ನ ನೋಡೋಣ ನೋಡೋಣ ಅಂತ ಮುಂದೂಡಿದ್ರು. ತಿಂಗಳಿಗೊಂದು ರಿಟರ್ನ್ ಹಾಕೋರು ಆರು ತಿಂಗಳು ಒಂದೇ ಸಮ ಹಾಕ್ಲಿಲ್ಲ ಅಂದ್ರೆ ರಿಜಿಸ್ಟ್ರೇಷನ್ ಕ್ಯಾನ್ಸಲ್ ಮಾಡ್ಬಹುದು, ಅದಕ್ಕೆ ಮುಂಚೆ ನೋಟಿಸ್ ಬರುತ್ತೆ, ಉತ್ತರ ಕೊಡೋಕೆ 7 ಕೆಲಸದ ದಿನ ಟೈಮ್ ಇರುತ್ತೆ. ನೋಟಿಸ್ ಬಂತು, ಆದ್ರೆ ಎಲ್ಲಿಗೆ? ಊರು ಬಿಟ್ಟೋರ ಹಳೇ ಇಮೇಲ್‌ಗೆ. ಇವ್ರಿಗೆ ಗೊತ್ತಾಗಿದ್ದು ಯಾವಾಗ ಅಂದ್ರೆ, ಇವ್ರ ಹತ್ರ ಸಿಮೆಂಟ್, ಪೈಪ್ ತಗೊಳೋ ಕಂಟ್ರಾಕ್ಟರ್ ಫೋನ್ ಮಾಡಿ "ಅಣ್ಣ, ನಿಮ್ಮ ಜಿಎಸ್‌ಟಿ ನಂಬರ್ ಕ್ಯಾನ್ಸಲ್ ಅಂತ ತೋರಿಸ್ತಿದೆ, ನಮ್ಮ ಆಡಿಟರ್ ನಿಮ್ಮ ಬಿಲ್ ತಗೊಳಲ್ಲ ಅಂತಿದಾರೆ" ಅಂದಾಗ. ಆರ್ಡರ್ ಆದ್ಮೇಲೆ ವಾಪಸ್ ಜೀವ ಕೊಡಿಸೋ ಅರ್ಜಿಗೆ 90 ದಿನ ಇರುತ್ತೆ, ಅದ್ರಲ್ಲೂ ಮುಕ್ಕಾಲು ಭಾಗ ಆಗ್ಲೇ ಕಳ್ದಿತ್ತು. ಬಾಕಿ ರಿಟರ್ನ್, ಲೇಟ್ ಫೀ, ಬಡ್ಡಿ ಎಲ್ಲ ಕಟ್ಟಿ ನಂಬರ್ ಉಳಿಸ್ಕೊಂಡ್ರು, ಆದ್ರೆ ಆ ಕಂಟ್ರಾಕ್ಟರ್ ಅಷ್ಟೊತ್ತಿಗೆ ಬೇರೆ ಅಂಗಡಿ ಹಿಡ್ಕೊಂಡಿದ್ರು.

ಟ್ಯಾಕ್ಸ್ ಬೇಡಿಕೆ ಆರ್ಡರ್ ವಿಷ್ಯದಲ್ಲೂ ಅಷ್ಟೇ. ಅಪೀಲಿಗೆ 3 ತಿಂಗಳು, ಸರಿಯಾದ ಕಾರಣ ಕೊಟ್ರೆ ಇನ್ನೊಂದು ತಿಂಗಳು, ಅಷ್ಟೇ. ಪೋರ್ಟಲ್‌ಗೆ ಹಾಕಿದ್ರೇನೇ ನಿಮಗೆ ತಲುಪಿದಂಗೆ ಅಂತ ಲೆಕ್ಕ. "ನನಗೆ ಗೊತ್ತೇ ಇರ್ಲಿಲ್ಲ ಸಾರ್" ಅನ್ನೋ ಮಾತಿಗೆ ಅಲ್ಲಿ ಬೆಲೆ ಕಮ್ಮಿ.

ಸರಿ ಮಾಡ್ಕೊಳ್ಳೋದು ಕಷ್ಟ ಇಲ್ಲ. ಆಡಿಟರ್ ಇನ್ನೂ ನಿಮ್ಮ ಜೊತೆಗೇ ಇದ್ರೆ ಕೂತು ಮಾತಾಡಿ, ಆಥರೈಸ್ಡ್ ಸಿಗ್ನೇಟರಿ (ಅಂಗಡಿ ಪರವಾಗಿ ಸಹಿ ಹಾಕೋ ಅಧಿಕಾರ ಇರೋರು) ಮೊಬೈಲ್, ಇಮೇಲ್ ಬದಲಾಯಿಸೋಕೆ ನಾನ್ ಕೋರ್ ಅಮೆಂಡ್‌ಮೆಂಟ್ ಅಂತ ಇದೆ, ಅದಕ್ಕೆ ಆಫೀಸರ್ ಒಪ್ಪಿಗೆನೂ ಬೇಡ, ಓಟಿಪಿ ಹಾಕಿದ್ರೆ ಆಯ್ತು. ಅವ್ರು ಸಿಗ್ತಿಲ್ಲ, ಫೋನ್ ಎತ್ತಲ್ಲ ಅಂದ್ರೆ ನಿಮ್ಮ ವ್ಯಾಪ್ತಿಯ ಜಿಎಸ್‌ಟಿ ಆಫೀಸಿಗೆ ಪ್ಯಾನ್, ಆಧಾರ್, ಅಂಗಡಿ ನಿಮ್ದೇ ಅನ್ನೋ ದಾಖಲೆ ಹಿಡ್ಕೊಂಡು ಹೋಗಿ. ಅವ್ರು ಪರಿಶೀಲಿಸಿ ಹೊಸ ಮೊಬೈಲ್, ಇಮೇಲ್ ಹಾಕ್ತಾರೆ, ಯೂಸರ್‌ನೇಮ್ ಮತ್ತೆ ಟೆಂಪರರಿ ಪಾಸ್‌ವರ್ಡ್ ನಿಮ್ಮ ಇಮೇಲ್‌ಗೆ ಬರುತ್ತೆ. ಈ ವ್ಯವಸ್ಥೆ 2018ರಿಂದನೇ ಇದೆ, ಎಷ್ಟೋ ಜನಕ್ಕೆ ಗೊತ್ತಿಲ್ಲ ಅಷ್ಟೇ.

ನಂಬರ್ ಬದಲಾಯಿಸಿದ್ರೆ ಕೆಲಸ ಮುಗೀಲಿಲ್ಲ, ಇನ್ಮೇಲೆ ಓಟಿಪಿ ನಿಮಗೆ ಬರುತ್ತಲ್ಲ, ಆಡಿಟರ್ ಕೇಳಿದಾಗ ಸಿಗ್ಬೇಕು. ತಿಂಗಳಿಗೊಂದು ರಿಟರ್ನ್ ಹಾಕೋರಿಗೆ 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ವಿವರ), 20ಕ್ಕೆ 3ಬಿ (ಟ್ಯಾಕ್ಸ್ ಕಟ್ಟೋ ರಿಟರ್ನ್) ಕೊನೇ ದಿನ. ಅವೆರಡರ ಹಿಂದೆಮುಂದೆ ಒಂದು ಟೈಮ್ ಮಾತಾಡ್ಕೊಳ್ಳಿ, ಬೆಳಿಗ್ಗೆ ಅಂಗಡಿ ತೆಗೆದ ತಕ್ಷಣನೋ, ಮಧ್ಯಾಹ್ನ ಊಟದ ಹೊತ್ತಿಗೋ, ಆ ಹೊತ್ತಲ್ಲಿ ಫೋನ್ ಎತ್ತಿ. ಹಂಗೆ ಮಾಡ್ಲಿಲ್ಲ ಅಂದ್ರೆ ಅವ್ರು ಬೇಜಾರಾಗಿ ಮತ್ತೆ ತಮ್ಮ ನಂಬರ್‌ಗೇ ಹಾಕ್ಕೊಳ್ತೀನಿ ಅಂತಾರೆ, ಅದ್ರಲ್ಲಿ ತಪ್ಪೂ ಇಲ್ಲ. ಇನ್ನೊಂದು, "ಆಡಿಟರ್ ಆಫೀಸಿಂದ ಮಾತಾಡ್ತಿದೀವಿ, ಓಟಿಪಿ ಹೇಳಿ" ಅಂತ ಗೊತ್ತಿಲ್ದ ನಂಬರಿಂದ ಬಂದ್ರೆ ಇಟ್ಟುಬಿಡಿ, ನಿಮ್ಮ ಹತ್ರ ಇರೋ ನಂಬರ್‌ಗೆ ನೀವೇ ವಾಪಸ್ ಮಾಡಿ ಕೇಳಿ. ಒಂದು ನಿಮಿಷದ ಕೆಲಸ.

ಇನ್ನು ವಾಟ್ಸಾಪ್. ಇವತ್ತು ಅರ್ಧ ವ್ಯಾಪಾರ ಅದ್ರಲ್ಲೇ ನಡೆಯುತ್ತೆ, ಸೀರೆ ಫೋಟೋ ಕಳ್ಸೋದು, ಆರ್ಡರ್ ತಗೊಳೋದು, ಉದ್ರಿ ನೆನಪಿಸೋದು ಎಲ್ಲ. ಆದ್ರೆ ಆ ನಂಬರ್ ಯಾರ ಹೆಸರಲ್ಲಿದೆ ಕೇಳಿದ್ರೆ "ನಮ್ಮ ಹುಡುಗನ ಸಿಮ್ ಸಾರ್" ಅಂತಾರೆ. ಒಂದು ಬಟ್ಟೆ ಅಂಗಡಿಲಿ ಹಿಂಗೇ ಆಯ್ತು, ಹುಡುಗ ಚೆನ್ನಾಗೇ ಕೆಲಸ ಮಾಡ್ತಿದ್ದ, ಎರಡು ಬೀದಿ ಆಚೆ ಇನ್ನೊಂದು ಅಂಗಡಿಲಿ ಜಾಸ್ತಿ ಸಂಬಳ ಸಿಕ್ತು ಹೋದ, ಸಿಮ್ ಅವಂದು, ತಗೊಂಡು ಹೋದ. ಗಿರಾಕಿಗಳು ಹಳೇ ನಂಬರ್‌ಗೇ "ಹೊಸ ಮಾಲು ಬಂತಾ" ಅಂತ ಮೆಸೇಜ್ ಹಾಕ್ತಾರೆ, ಅವ್ನು ಬಂತು ಬನ್ನಿ ಅಂತಾನೆ, ಅವ್ನ ಹೊಸ ಅಂಗಡಿಗೆ. ಹುಡುಗನ್ನ ಕಳ್ಳ ಅನ್ನೋಕಾಗುತ್ತಾ? ಸಿಮ್ ಅವ್ನ ಆಧಾರ್ ಮೇಲಿದೆ, ಕಾನೂನಿನ ಪ್ರಕಾರ ಅವಂದೇ.

ಅದಕ್ಕೆ ಅಂಗಡಿ ವಾಟ್ಸಾಪ್ ಸಿಮ್ ಮಾಲೀಕರ ಹೆಸರಲ್ಲೇ ಇರ್ಬೇಕು, ಆ ಸಿಮ್ ಇರೋ ಫೋನ್ ಗಲ್ಲಾ ಹತ್ರನೇ ಇರ್ಬೇಕು. ಕೆಲಸದೋರಿಗೆ ಲಿಂಕ್ಡ್ ಡಿವೈಸ್ ಮಾಡ್ಕೊಡಿ, ಅಂದ್ರೆ ಅದೇ ವಾಟ್ಸಾಪ್ ಅವ್ರ ಫೋನಲ್ಲೋ ಕಂಪ್ಯೂಟರಲ್ಲೋ ತೆರೆಯೋ ಹಂಗೆ, ನಾಲ್ಕು ಡಿವೈಸ್ ತನಕ ಆಗುತ್ತೆ, ಯಾರಾದ್ರೂ ಬಿಟ್ಟು ಹೋದ್ರೆ ಸಂಜೆನೇ ನಿಮ್ಮ ಫೋನಿಂದ ಅವ್ರದು ಲಾಗೌಟ್ ಮಾಡಿ, ಗಲಾಟೆನೇ ಇಲ್ಲ. ಈಗಾಗ್ಲೇ ಹುಡುಗನ ಸಿಮ್‌ಲಿ ನಡೀತಿದ್ರೆ ಅವ್ನು ಇರೋವಾಗ್ಲೇ, ಸಂಬಂಧ ಚೆನ್ನಾಗಿರೋವಾಗ್ಲೇ, ಚೇಂಜ್ ನಂಬರ್ ಅಂತ ಸೆಟ್ಟಿಂಗ್ಸಲ್ಲಿ ಇದೆ, ಅದ್ರಲ್ಲಿ ನಿಮ್ಮ ಸಿಮ್‌ಗೆ ತಂದ್ಕೊಳ್ಳಿ, ಕಾಂಟ್ಯಾಕ್ಟ್‌ಗಳಿಗೆ ತಿಳಿಸೋ ಆಪ್ಷನ್ನೂ ಅಲ್ಲೇ ಇರುತ್ತೆ. ನಿಮ್ಮ ಹಳೇ ಲ್ಯಾಂಡ್‌ಲೈನ್ ಬೋರ್ಡ್ ಮೇಲೆ ಬರ್ಸಿದ್ದು ಇನ್ನೂ ಚಾಲ್ತಿಲಿದ್ರೆ ಅದಕ್ಕೇ ವಾಟ್ಸಾಪ್ ಬಿಸಿನೆಸ್ ಮಾಡ್ಕೋಬಹುದು, ಕೋಡ್ ಕಾಲ್‌ನಲ್ಲಿ ಹೇಳ್ತಾರೆ, ಇದನ್ನ ಮಾಡ್ಕೊಟ್ಟಾಗ ಹಳೇ ಸಾವ್ಕಾರ್ರು ಒಬ್ರು ಎಷ್ಟು ಖುಷಿ ಪಟ್ರು ಅಂತೀರಿ, ತಂದೆ ಕಾಲದ ನಂಬರ್ ಅದು. ಟೂ ಸ್ಟೆಪ್ ಪಿನ್ (ಓಟಿಪಿ ಜೊತೆಗೆ ವಾಟ್ಸಾಪ್ ಕೇಳೋ ಇನ್ನೊಂದು ಗುಟ್ಟಿನ ನಂಬರ್) ಹಾಕೋದು, ಅದಕ್ಕೆ ನಿಮ್ಮ ಇಮೇಲ್ ಕೊಡೋದು ಮಾತ್ರ ಮರೀಬೇಡಿ. ಮದುವೆ ಕಾರ್ಡ್, ಟ್ರಾಫಿಕ್ ಚಲನ್ ಅಂತ ಎಪಿಕೆ ಫೈಲ್ (ಫೋನ್‌ಗೆ ಆ್ಯಪ್ ಹಾಕೋ ಫೈಲ್) ಬರುತ್ತೆ, ಅದನ್ನ ಒತ್ತೋದೇ ಬೇಡ. ದುಡ್ಡು ಹೋದ್ರೆ ಆ ಕ್ಷಣನೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ನಾಳೆ ಸ್ಟೇಷನ್ನಿಗೆ ಹೋಗೋಣ ಅಂತ ಕೂರ್ಬೇಡಿ.

ಈಗ ಟ್ಯಾಲಿ ಬ್ಯಾಕಪ್, ಇದ್ರ ಬಗ್ಗೆ ನನಗೆ ಸಂಕಟ ಜಾಸ್ತಿ. "ಬ್ಯಾಕಪ್ ಇದ್ಯಾ" ಅಂದ್ರೆ ಎಲ್ರೂ ಇದೆ ಅಂತಾರೆ, ಪೆನ್‌ಡ್ರೈವ್ ತೆಗೆದು ಕೊಡ್ತಾರೆ. ಒಂದು ಬೀಜ ಗೊಬ್ಬರದ ಅಂಗಡಿಲಿ ಹಾರ್ಡ್ ಡಿಸ್ಕ್ ಹೋಗಿತ್ತು, ಲೆಕ್ಕ ಬರೆಯೋ ಹುಡುಗ ದಿನಾ ಸಂಜೆ ಪೆನ್‌ಡ್ರೈವ್‌ಗೆ ಕಾಪಿ ಮಾಡ್ತಿದ್ದ, ನಿಷ್ಠೆಯಿಂದ ಮಾಡ್ತಿದ್ದ. ಹಾಕಿ ನೋಡಿದ್ರೆ ಟ್ಯಾಲಿ ಐಕಾನ್ ಒಂದಿದೆ, ಎಡಗಡೆ ಮೂಲೇಲಿ ಸಣ್ಣ ಬಾಣದ ಗುರುತು, ಸೈಜು 2 ಕೆಬಿ. ಡೆಸ್ಕ್‌ಟಾಪ್ ಮೇಲಿನ ಶಾರ್ಟ್‌ಕಟ್ಟನ್ನ ದಿನಾ ಕಾಪಿ ಮಾಡ್ತಿದ್ದ ಪಾಪ, ಯಾರೂ ಹೇಳ್ಕೊಟ್ಟಿರ್ಲಿಲ್ಲ. ರೈತರ ಉದ್ರಿ ಬಾಕಿ ಎಲ್ಲ ಅದ್ರಲ್ಲೇ ಇತ್ತು. ಬಿಲ್ ಪುಸ್ತಕದ ಕಾರ್ಬನ್ ಪ್ರತಿ ಇಟ್ಕೊಂಡು ಮತ್ತೆ ಮೊದಲಿಂದ ಹೊಡೀಬೇಕಾಯ್ತು.

ಇನ್ನೊಂದು ನಂಬಿಕೆ, "ಡಿ ಡ್ರೈವ್‌ಲಿ ಇಟ್ಟಿದೀನಿ ಸೇಫು" ಅನ್ನೋದು. ಬಹಳಷ್ಟು ಅಂಗಡಿ ಕಂಪ್ಯೂಟರಲ್ಲಿ ಸಿ ಮತ್ತೆ ಡಿ ಒಂದೇ ಡಿಸ್ಕಿನ ಎರಡು ಭಾಗ, ಡಿಸ್ಕ್ ಹೋದ್ರೆ ಎರಡೂ ಹೋಗುತ್ತೆ. ಪೆನ್‌ಡ್ರೈವ್ ಸಿಗಿಸೇ ಬಿಟ್ಟಿದ್ರೂ ಪ್ರಯೋಜನ ಇಲ್ಲ, ವೈರಸ್ ಬಂದು ಫೈಲ್ ಲಾಕ್ ಮಾಡಿದ್ರೆ ಅದನ್ನೂ ಸೇರಿಸಿ ಮಾಡುತ್ತೆ. ಟ್ಯಾಲಿ ಒಳಗಡೆಯಿಂದನೇ ಬ್ಯಾಕಪ್ ತಗೊಳ್ಳಿ, ಎರಡು ಪೆನ್‌ಡ್ರೈವ್ ಇಟ್ಕೊಳ್ಳಿ, ಒಂದು ಯಾವಾಗ್ಲೂ ಮನೇಲಿರ್ಲಿ, ವಾರಕ್ಕೊಂದು ಸಲ ಗೂಗಲ್ ಡ್ರೈವ್‌ಗೂ ಹಾಕಿ, 15 ಜಿಬಿ ಪುಕ್ಕಟೆ ಇದೆ, ಸಣ್ಣ ಅಂಗಡಿ ಡೇಟಾಗೆ ಧಾರಾಳ. ಮತ್ತೆ ತಿಂಗಳಿಗೊಂದ್ಸಲ ನಿಮ್ಮ ಕಣ್ಣ ಮುಂದೆ ರಿಸ್ಟೋರ್ ಮಾಡ್ಸಿ ನೋಡಿ, ಅಂದ್ರೆ ಬ್ಯಾಕಪ್‌ನಿಂದ ಡೇಟಾ ವಾಪಸ್ ತೆಗೆಸಿ, ಬೇರೆ ಫೋಲ್ಡರ್‌ಗೆ ಮಾಡ್ಸಿ, ಇಲ್ಲಾಂದ್ರೆ ಇವತ್ತಿನ ಡೇಟಾ ಮೇಲೆ ಹಳೇದು ಕೂತ್ಕೊಳ್ಳುತ್ತೆ. ನಿನ್ನೆಯ ಕೊನೇ ಬಿಲ್ ನಂಬರ್ ಅದ್ರಲ್ಲಿ ಕಾಣ್ಸಿದ್ರೆ ಅದು ಬ್ಯಾಕಪ್. ಟ್ಯಾಲಿ ವಾಲ್ಟ್ ಪಾಸ್‌ವರ್ಡ್ (ಟ್ಯಾಲಿ ಡೇಟಾಗೆ ಹಾಕೋ ಬೀಗ) ಹಾಕಿದ್ರೆ ಅದನ್ನ ಬರ್ದಿಟ್ಕೊಳ್ಳಿ, ಮರೆತ್ರೆ ಡೇಟಾ ತೆಗೆಯೋಕೆ ದಾರಿ ಇಲ್ಲ, ನನ್ನ ಹತ್ರ ತಂದ್ರೂ ಇಲ್ಲ. ಜಿಎಸ್‌ಟಿ ಕಾನೂನಲ್ಲಿ ಲೆಕ್ಕಪತ್ರ ಆ ವರ್ಷದ ವಾರ್ಷಿಕ ರಿಟರ್ನ್ ಕೊನೇ ದಿನದಿಂದ 72 ತಿಂಗಳು ಇಟ್ಕೋಬೇಕು, ಅಷ್ಟು ವರ್ಷದಲ್ಲಿ ಒಂದು ಕಂಪ್ಯೂಟರ್ ಕೆಡದೇ ಇರಲ್ಲ.

ಫೋನ್‌ಪೇ, ಗೂಗಲ್‌ಪೇ ಕ್ಯೂಆರ್ ವಿಷ್ಯ 2025ರ ಜುಲೈ ಆದ್ಮೇಲೆ ಎಲ್ರಿಗೂ ಗೊತ್ತಾಗಿದೆ. ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಯವ್ರಿಗೆಲ್ಲ ನೋಟಿಸ್ ಕೊಡ್ತು, ಎಷ್ಟೋ ಜನ ಕ್ಯೂಆರ್ ಕಿತ್ತು ಕ್ಯಾಶ್ ಓನ್ಲಿ ಅಂತ ಅಂಟ್ಸಿದ್ರು. ಆಮೇಲೆ ಮುಖ್ಯಮಂತ್ರಿಗಳು ವ್ಯಾಪಾರಿಗಳ ಜೊತೆ ಮಾತಾಡಿ, ಜಿಎಸ್‌ಟಿಗೆ ರಿಜಿಸ್ಟರ್ ಮಾಡ್ಕೊಂಡ್ರೆ ಹಳೇ ಬಾಕಿ ಕೇಳಲ್ಲ ಅಂದ್ರು. ಅದ್ರಲ್ಲಿ ನನಗೆ ಕಂಡ ವಿಷ್ಯ ಇದು: ಎಷ್ಟೋ ಕಡೆ ಕ್ಯೂಆರ್ ಮಗನದೋ, ಹೆಂಡ್ತಿದೋ ಸೇವಿಂಗ್ಸ್ ಅಕೌಂಟ್‌ಗೆ. ಅಂಗಡಿ ದುಡ್ಡು, ಚೀಟಿ ದುಡ್ಡು, ಭಾವಮೈದ ವಾಪಸ್ ಕೊಟ್ಟ ಸಾಲ ಎಲ್ಲ ಒಂದೇ ಕಡೆ ಬಿದ್ದಿರುತ್ತೆ, ಯಾವ್ದು ವ್ಯಾಪಾರ ಯಾವ್ದು ಅಲ್ಲ ಅಂತ ಬಿಡಿಸಿ ತೋರಿಸೋದು ಯಾರು. ಹಾಲು, ತರಕಾರಿ ಮಾರೋರಿಗೆ ಅದ್ರ ಮೇಲೆ ಟ್ಯಾಕ್ಸೇ ಇಲ್ಲ, ಆದ್ರೂ ತೋರ್ಸೋಕೆ ಬಿಲ್ ಬೇಕಲ್ಲ. ಅಂಗಡಿಗೇ ಅಂತ ಒಂದು ಕರೆಂಟ್ ಅಕೌಂಟ್ ಮಾಡ್ಸಿ, ಕ್ಯೂಆರ್ ಅದಕ್ಕೇ ಇರ್ಲಿ, ಮನೆ ವ್ಯವಹಾರ ಅದ್ರೊಳಗೆ ಬರೋದೇ ಬೇಡ. ಬೆಳಿಗ್ಗೆ ಅಂಗಡಿ ತೆಗೆದಾಗ ಒಂದು ರೂಪಾಯಿ ಹಾಕಿ ನೋಡಿ ಯಾರ ಹೆಸರು ಬರುತ್ತೆ ಅಂತ, ಸ್ಟಿಕ್ಕರ್ ಮೇಲೆ ಸ್ಟಿಕ್ಕರ್ ಅಂಟ್ಸಿ ಹೋಗೋರು ಇದಾರೆ.

ಗೂಗಲ್ ಮ್ಯಾಪಲ್ಲಿ ನಿಮ್ಮ ಅಂಗಡಿ ಓನರ್ ಅಂತ ಯಾರ ಜಿಮೇಲ್ ಇದೆ, ವೆಬ್‌ಸೈಟ್ ಇದ್ರೆ ಡೊಮೈನ್ (ಸೈಟಿನ ವಿಳಾಸ) ಯಾರ ಹೆಸರಲ್ಲಿದೆ, ಸಿಸಿಟಿವಿ ಅಡ್ಮಿನ್ ಪಾಸ್‌ವರ್ಡ್ ಕ್ಯಾಮೆರಾ ಹಾಕ್ಕೊಟ್ಟೋರ ಹತ್ರನೇ ಇದ್ಯಾ, ಇವನ್ನೂ ಒಂದ್ಸಲ ಕೇಳ್ಬಿಡಿ. ಉದ್ಯಮ್ ರಿಜಿಸ್ಟ್ರೇಷನ್ (ಸಣ್ಣ ಉದ್ದಿಮೆಗಳ ನೋಂದಣಿ) ಸರ್ಕಾರದ ಸೈಟಲ್ಲಿ ಪುಕ್ಕಟೆ, ಫೀಸ್ ಕೇಳೋ ಸೈಟ್ ನಿಜವಾದ ಸೈಟ್ ಅಲ್ಲ.

ಕೊನೇದಾಗಿ ಒಂದು, ಇದನ್ನ ಹೇಳೋಕೆ ಯಾರಿಗೂ ಇಷ್ಟ ಇರಲ್ಲ. ಪರಿಚಯದೋರೊಬ್ರು ಹಾರ್ಟ್ ಅಟ್ಯಾಕ್ ಆಗಿ ತೀರ್ಕೊಂಡ್ರು, ಸ್ಟೇಷನರಿ ಅಂಗಡಿ. ಹೆಂಡ್ತಿಗೆ ವ್ಯಾಪಾರ ಗೊತ್ತಿತ್ತು, ನಡೆಸೋ ಧೈರ್ಯನೂ ಇತ್ತು, ಆದ್ರೆ ಫೋನ್ ಲಾಕ್ ಗೊತ್ತಿಲ್ಲ, ಇಮೇಲ್ ಗೊತ್ತಿಲ್ಲ, ಯಾವ ಡೀಲರ್‌ಗೆ ಎಷ್ಟು ಕೊಡ್ಬೇಕು ಅನ್ನೋದು ಆ ಫೋನಲ್ಲೇ. ಒಬ್ರೇ ಮಾಲೀಕರಿರೋ ಅಂಗಡಿಲಿ ಜಿಎಸ್‌ಟಿ ನಂಬರ್ ಅವ್ರ ಪ್ಯಾನ್ ಮೇಲಿರೋದ್ರಿಂದ ಅದು ಹಂಗೇ ಮುಂದುವರಿಯಲ್ಲ, ಮನೆಯವ್ರು ಹೊಸ ನಂಬರ್ ತಗೊಂಡು, ಹಳೇ ನಂಬರಲ್ಲಿ ಉಳಿದ ಇನ್‌ಪುಟ್ ಕ್ರೆಡಿಟ್ಟನ್ನ (ಮಾಲು ಕೊಳ್ಳುವಾಗ ಕಟ್ಟಿದ ಟ್ಯಾಕ್ಸಿನ ಜಮೆ) ಐಟಿಸಿ-02 ಫಾರ್ಮ್ ಹಾಕಿ ವರ್ಗಾಯಿಸ್ಕೋಬೇಕು, ಅದಕ್ಕೆ ಹಳೇ ಲಾಗಿನ್ ಬೇಕು. ಆ ಅಮ್ಮ ಅದಕ್ಕೇ ಎಷ್ಟು ಅಲೆದಾಡಿದ್ರು.

ಒಂದು ನೋಟ್‌ಬುಕ್ ತಗೊಂಡು ಎಲ್ಲ ಬರೀರಿ, ಜಿಎಸ್‌ಟಿ ಯೂಸರ್‌ನೇಮ್, ಯಾವ ಮೊಬೈಲ್, ಯಾವ ಇಮೇಲ್, ಕರೆಂಟ್ ಅಕೌಂಟ್ ಯಾವ ಬ್ಯಾಂಕ್, ಬ್ಯಾಕಪ್ ಎಲ್ಲಿದೆ, ವಾಲ್ಟ್ ಪಾಸ್‌ವರ್ಡ್, ವಾಟ್ಸಾಪ್ ಪಿನ್, ಆಡಿಟರ್ ನಂಬರ್. ಯುಪಿಐ ಪಿನ್ ಮಾತ್ರ ಬೇಡ. ಪುಸ್ತಕ ಅಂಗಡಿಲಿ ಇಡ್ಬೇಡಿ, ಮನೆ ಬೀರುಲಿ ಇಡಿ, ಎಲ್ಲಿಟ್ಟಿದೀರಿ ಅಂತ ಮನೇಲಿ ಒಬ್ರಿಗೆ ಹೇಳಿ, ಪಾಸ್‌ವರ್ಡ್ ಬದಲಾದ ದಿನನೇ ಅದ್ರಲ್ಲೂ ತಿದ್ದಿ. ಮಾಡೋವಾಗ ಎಲ್ಲಾದ್ರೂ ಸಿಕ್ಕಾಕ್ಕೊಂಡ್ರೆ ಕೆಳಗೆ ಕೇಳಿ, ಗೊತ್ತಿರೋದನ್ನ ಹೇಳ್ತೀನಿ, ಆದ್ರೆ ಪಾಸ್‌ವರ್ಡ್, ಓಟಿಪಿ ಮಾತ್ರ ನನಗೂ ಕಳ್ಸಬೇಡಿ.