ಸಿಟಿ ಝಡ್‌ಎಕ್ಸ್: ಎಡಬದಿಯ ಕೆರೆಯ ಮೂಲ ಸಿಕ್ಕಿತು

ಸಿಕ್ಕಿತು ಮಾರಾಯ್ರೆ! ಮಳೆ ಬಂದಾಗಲೆಲ್ಲ ನನ್ನ ಹಳೆ ಕಾರಿನ ಮುಂದಿನ ಎಡ ಸೀಟಿನ ಕಾಲಬುಡದಲ್ಲಿ ಕೆರೆ ಕಟ್ಟುತ್ತಿದ್ದ ನೀರು ಎಲ್ಲಿಂದ ಬರುತ್ತಿತ್ತು ಎಂದು ಕೊನೆಗೂ ಗೊತ್ತಾಯಿತು. ಎಸಿಯಿಂದಲ್ಲ, ಹೀಟರಿನಿಂದಲ್ಲ, ಬಾಗಿಲಿನಿಂದಲ್ಲ, ಮುಂದಿನ ಗಾಜಿನಿಂದಲೂ ಅಲ್ಲ. ಎಲ್ಲಿಂದ ಎಂದು ಈಗಲೇ ಹೇಳುವುದಿಲ್ಲ. ನನ್ನ ಅರ್ಧ ಮಳೆಗಾಲ ನುಂಗಿದ ಪ್ರಶ್ನೆ ಅದು, ನೀವೂ ಸ್ವಲ್ಪ ಹೊತ್ತು ತಲೆ ಕೆರೆದುಕೊಳ್ಳಿ.

ಗಾಡಿಯ ಜಾತಕ ಬೇಗ ಹೇಳಿಬಿಡುತ್ತೇನೆ. 2007ರ ಹೋಂಡಾ ಸಿಟಿ ಝಡ್‌ಎಕ್ಸ್, ಜಿಎಕ್ಸ್‌ಐ ಮಾದರಿ, ಬೆಳ್ಳಿ ಬಣ್ಣ, ಒಬ್ಬರೇ ಯಜಮಾನರು, ಮೈಸೂರಿನದ್ದು. 1.35 ಲಕ್ಷಕ್ಕೆ ಬಂತು. ಪುತ್ತೂರಿನಿಂದ ಮಂಗಳೂರಿಗೆ ಒಂದು ಬದಿಗೇ ಸುಮಾರು 50 ಕಿ.ಮೀ. ದಿನಾ ಓಡಬೇಕಾದವನಿಗೆ ಹೊಸ ಗಾಡಿಯ ಕಂತಿಗಿಂತ ಹಳೆ ಗಾಡಿಯ ಗ್ರೀಸು ಮೇಲು. ತುಕ್ಕಿಗೆ ಹೆದರಿ ಕರಾವಳಿಯ ಗಾಡಿಗಳನ್ನು ನೋಡಲೇ ಇಲ್ಲ. ನಮ್ಮ ಕಡೆಯ ಹಳೆ ಸೆಡಾನಿನ ಅಡಿಗೆ ಸ್ಕ್ರೂಡ್ರೈವರ್ ಚುಚ್ಚಿದರೆ ಹಿಡಿಕೆ ಮಾತ್ರ ಹೊರಗೆ ಉಳಿಯುತ್ತದೆ. ಮೈಸೂರಿನ ಗಾಡಿಯ ಅಡಿ ನೋಡಿದಾಗ ಕಾರ್ಖಾನೆಯ ಕೋಟಿಂಗ್ ಹಾಗೇ ಇತ್ತು, ಅಲ್ಲಿಗೇ ವ್ಯಾಪಾರ ಮುಗಿಯಿತು. ಮೊದಲ 15 ವರ್ಷ ಕಳೆದು ಆರ್‌ಸಿ (ನೋಂದಣಿ ಪತ್ರ) ಒಮ್ಮೆ ನವೀಕರಣವಾಗಿತ್ತು. 2022ರ ಏಪ್ರಿಲಿನಲ್ಲಿ ಆ ಶುಲ್ಕ 600 ಇದ್ದದ್ದು 5,000 ಆಯಿತು ಎಂಬುದನ್ನು ಚೌಕಾಶಿಯ ಹೊತ್ತಿಗೆ ನೆನಪಿಡಿ, ಮಾರುವವರು ಅದನ್ನು ನೆನಪಿಸುವುದೇ ಇಲ್ಲ.

ಆಯಿಲ್, ಗೇರ್ ಆಯಿಲ್, ಕೂಲಂಟ್, ಬ್ರೇಕ್ ಫ್ಲೂಯಿಡ್, ಟಯರ್, ಇವೆಲ್ಲ ಮಾಮೂಲು, ಬಿಡುತ್ತೇನೆ. ಈ ಗಾಡಿಯ ಐ-ಡಿಎಸ್‌ಐ ಎಂಜಿನ್ ಗೊತ್ತಿದ್ದವರಿಗೆ ಎಂಟು ಸ್ಪಾರ್ಕ್ ಪ್ಲಗ್ಗಿನ ಕಥೆಯೂ ಗೊತ್ತು. ಸಿಲಿಂಡರಿಗೆ ಎರಡೆರಡು. ಮುಂದಿನ ನಾಲ್ಕು ಕೈಗೆ ಸಿಗುತ್ತವೆ, ಹಿಂದಿನ ನಾಲ್ಕಕ್ಕೆ ವೈಪರ್ ಕಡ್ಡಿ ಬಿಚ್ಚಿ ಕೌಲ್, ಅಂದರೆ ಮುಂದಿನ ಗಾಜಿನ ಬುಡದ ಮುಚ್ಚಳ, ಪೂರ್ತಿ ಎತ್ತಬೇಕು. ಹಾಗಾಗಿಯೇ ಹೆಚ್ಚಿನ ಗಾಡಿಗಳಲ್ಲಿ ಮುಂದಿನ ನಾಲ್ಕು ಮಾತ್ರ ಹೊಸತಾಗಿರುತ್ತವೆ, ಬಿಲ್ಲಿನಲ್ಲಿ ಎಂಟೂ ಇರುತ್ತವೆ. ನನ್ನದರಲ್ಲೂ ಹಿಂದಿನವು ಯಾವ ಕಾಲದ್ದೋ. ಬದಲಿಸಿದ ಮೇಲೆ ಕೆಳ ಆರ್‌ಪಿಎಂನಲ್ಲಿ ಇದ್ದ ಸಣ್ಣ ನಡುಕ ಹೋಯಿತು. 77 ಕುದುರೆಗಳಲ್ಲಿ ಕುಂಟುತ್ತಿದ್ದವೂ ಈಗ ನಡೆಯುತ್ತಿವೆ.

ಒಳಗಿನ ತೊಳೆತದಲ್ಲಿ ಹೇಳುವಂಥದ್ದು ಒಂದೇ: ಮುಗ್ಗಲು ವಾಸನೆ. ಮೈಸೂರಿನಲ್ಲಿ ಬಿಸಿಲಿಗೆ ನಿಂತಿದ್ದಾಗ ಅದರ ಸುಳಿವೇ ಇರಲಿಲ್ಲ. ಸಂಪಾಜೆ ಘಾಟಿ ಇಳಿದು ಊರು ಸೇರಿ, ಜೂನಿನ ಮೊದಲ ಮಳೆ ಬಿದ್ದ ಮೇಲೆ ಬಾಗಿಲು ತೆಗೆದರೆ ಹಳೆ ಗೋಣಿ ಕೊಳೆತ ವಾಸನೆ. ಕಾರ್ಪೆಟ್ ಮುಟ್ಟಿದರೆ ಒಣಗಿಯೇ ಇತ್ತು. ಒತ್ತಿದರೆ ಬೆರಳ ಸಂದಿಯಲ್ಲಿ ನೀರು. ಕಾರ್ಪೆಟ್ಟಿನ ಅಡಿಯ ದಪ್ಪ ಫೋಮು ಲೀಟರ್‌ಗಟ್ಟಲೆ ಕುಡಿದು ಮೇಲೆ ಏನೂ ತೋರಿಸಿಕೊಳ್ಳುವುದಿಲ್ಲ. ಸೀಟು, ಸಿಲ್ (ಬಾಗಿಲ ಹೊಸ್ತಿಲು) ಪಟ್ಟಿ, ಸೆಂಟರ್ ಕನ್ಸೋಲ್ ಬಿಚ್ಚಿ ಕಾರ್ಪೆಟ್ ಹೊರಗೆಳೆದೆವು. ಆ ಮಳೆಯಲ್ಲಿ ಅದನ್ನು ಒಣಗಿಸುವುದು ಎಲ್ಲಿ? ಅಡಿಕೆಯ ಸೋಲಾರ್ ಗೂಡಿನಲ್ಲಿ. ಆ ಹೊತ್ತಿಗೆ ಗೂಡು ಖಾಲಿಯಿತ್ತು. ಮನೆಯವರು ಮಾತ್ರ ಬರುವ ವರ್ಷದ ಚಾಲಿ ಅಡಿಕೆಗೆ ಹೋಂಡಾದ ವಾಸನೆ ಬಂದರೆ ದರ ಎಷ್ಟು ಸಿಗಬಹುದು ಎಂದು ಕೇಳುತ್ತಲೇ ಇದ್ದರು.

ಈಗ ಪತ್ತೇದಾರಿಕೆ.

ಮೊದಲ ಅನುಮಾನ ಎಸಿ ಡ್ರೈನ್, ಅಂದರೆ ಎಸಿಯ ನೀರು ಹೊರಬಿಡುವ ಪೈಪಿನ ಮೇಲೆ, ಅದು ಎಲ್ಲರಿಗೂ ಮೊದಲು ಬರುವ ಅನುಮಾನ. ಗಾಳಿ ತಣಿಸುವ ಇವಾಪೊರೇಟರ್ ಇರುವುದು ಗ್ಲೋವ್ ಬಾಕ್ಸಿನ ಹಿಂದೆ, ಪೈಪು ಕಟ್ಟಿದರೆ ನೀರು ಒಳಗೆ ಸುರಿಯುತ್ತದೆ. ಆದರೆ ನಮ್ಮ ಸೆಕೆಗೆ ಎಸಿ ಹಾಕಿ ನಿಲ್ಲಿಸಿದರೆ ಗಾಡಿಯ ಅಡಿಯಲ್ಲಿ ಧಾರೆಯೇ ಇಳಿಯುತ್ತಿತ್ತು, ಅಂದರೆ ಪೈಪು ಸರಿಯಿದೆ. ಬಿಸಿ ಕೂಲಂಟ್ ಹರಿಯುವ ಹೀಟರ್ ಕೋರ್? ಕೂಲಂಟ್ ಆದರೆ ಅಂಟಂಟು, ಸಿಹಿ ವಾಸನೆ, ಗಾಜಿನ ಒಳಗೆ ಎಣ್ಣೆಯಂಥ ಮಂಜು. ಇಲ್ಲಿ ಅದೇನೂ ಇಲ್ಲ, ಟ್ಯಾಂಕಿನ ಮಟ್ಟವೂ ಇಳಿದಿಲ್ಲ. ಹಾಗಾದರೆ ಮಳೆ ನೀರೇ.

ಕೌಲ್ ಹೇಗೂ ಪ್ಲಗ್ಗಿಗಾಗಿ ಎತ್ತಿದ್ದೆ. ಅದರ ಅಡಿಯಲ್ಲಿ ಮೈಸೂರಿನ ಯಾವುದೋ ಗುಲ್‌ಮೊಹರ್ ಮರದ ಸಣ್ಣೆಲೆಗಳೆಲ್ಲ ಗೊಬ್ಬರವಾಗಿ ಕೂತಿದ್ದವು. ಅಲ್ಲಿನ ನೀರು ಹೊರಹೋಗುವ ದಾರಿ ಕಟ್ಟಿದರೆ ಮಟ್ಟ ಏರಿ ಬ್ಲೋವರಿನ (ಎಸಿಯ ಫ್ಯಾನಿನ) ಗಾಳಿಬಾಯಿಯ ಮೂಲಕ ನೇರ ಎಡಗಾಲಿಗೆ ಬರುತ್ತದೆ. ಪುಸ್ತಕದ ಪ್ರಕಾರ ಕೇಸು ಮುಗಿಯಿತು. ತೊಳೆದು, ಬಕೆಟ್ ನೀರು ಹೊಯ್ದು, ಅದು ಎರಡೂ ಬದಿಯಿಂದ ಸರಾಗ ಇಳಿಯುವುದನ್ನು ಕಣ್ಣಾರೆ ನೋಡಿ ಕೌಲ್ ಮುಚ್ಚಿದೆ. ಮರುದಿನ ಬೆಳಿಗ್ಗೆ ಮತ್ತೆ ಕೆರೆ.

ಬಾಗಿಲು ಬಿಚ್ಚಿದೆ. ಬಾಗಿಲೊಳಗೆ ನೀರು ಬರುವುದು ತಪ್ಪಲ್ಲ, ಗಾಜಿನ ಸಂದಿಯಿಂದ ಇಳಿದು ಅಡಿಯ ತೂತುಗಳಿಂದ ಹೋಗುವಂತೆಯೇ ಅದನ್ನು ಮಾಡಿರುತ್ತಾರೆ. ಆ ನೀರು ಕ್ಯಾಬಿನ್ನಿಗೆ ಬಾರದಂತೆ ತಡೆಯುವುದು ಒಳಗಡೆ ಅಂಟಿಸಿದ ಪ್ಲಾಸ್ಟಿಕ್ ಹಾಳೆ. ಸ್ಪೀಕರ್ ಹಾಕಿದ ಪುಣ್ಯಾತ್ಮ ಯಾರೋ ಅದನ್ನು ಬ್ಲೇಡಿನಿಂದ ಎಲ್-ಆಕಾರದಲ್ಲಿ ಸೀಳಿದ್ದ. ಬ್ಯುಟೈಲ್ ಟೇಪಿನಿಂದ ಹೊಸ ಹಾಳೆ ಕೂರಿಸಿದೆ. ಆ ಕೆಲಸ ಬೇಕೇ ಇತ್ತು, ಆದರೆ ಕೆರೆ ಬತ್ತಲಿಲ್ಲ.

ನಂತರ ಹೋಸ್ ಪರೀಕ್ಷೆ. ಒಳಗೆ ಟಾರ್ಚ್ ಹಿಡಿದು ಭಾವ, ಹೊರಗೆ ಪೈಪು ಹಿಡಿದು ನಾನು. ಕೆಳಗಿನಿಂದ ಮೇಲಕ್ಕೆ, ಒಂದೊಂದು ಜಾಗಕ್ಕೆ ಸಾಕಷ್ಟು ಹೊತ್ತು, ನೀರು ಜೋರಿಲ್ಲದೆ. ಮೇಲಿನಿಂದ ಶುರುಮಾಡಿದರೆ ಎಲ್ಲವೂ ಒಟ್ಟಿಗೆ ಒದ್ದೆಯಾಗಿ ಏನೂ ತಿಳಿಯುವುದಿಲ್ಲ. ಕಾಲಬುಡದ ಬದಿಯ ಕಿಕ್ ಪ್ಯಾನೆಲ್ ತೆಗೆದು ಅಲ್ಲಿನ ತಗಡಿನ ಮೇಲೆಲ್ಲ ರಂಗೋಲಿ ಪುಡಿ ಉದುರಿಸಿದ್ದೆವು, ಹನಿ ಹರಿದ ದಾರಿ ಅದರಲ್ಲಿ ಗೀಟು ಹಾಕಿದ ಹಾಗೆ ಕಾಣಬೇಕು. ಸಿಲ್, ಬಾಗಿಲು, ಫೆಂಡರ್, ಗಾಜಿನ ಕೆಳ ಅಂಚು, ಮೇಲಂಚು, ಚಾವಣಿ. ಒಂದು ಹನಿ ಇಲ್ಲ! ಭಾವ ಒಳಗೆ ಚಿಪ್ಸ್ ಮುಗಿಸಿ ನಿದ್ದೆಗೆ ಜಾರಿದ್ದ. ಅದೇ ರಾತ್ರಿ ಮಳೆ. ಬೆಳಿಗ್ಗೆ ರಂಗೋಲಿ ಪೂರ್ತಿ ತೊಳೆದುಹೋಗಿತ್ತು.

ಇಲ್ಲೇ ತಲೆ ಕೆಟ್ಟದ್ದು. ಇನ್ನೊಂದು ವಿಚಿತ್ರ: ಮಂಗಳೂರಿನಲ್ಲಿ ಆಫೀಸಿನ ಎದುರು ಇಡೀ ದಿನ ತುಳುನಾಡಿನ ಆಟಿ ತಿಂಗಳ ಮಳೆಗೆ ನಿಂತರೂ ಗಾಡಿ ಒಣಗಿರುತ್ತಿತ್ತು. ಸೋರುವುದು ಮನೆಯಲ್ಲಿ ಮಾತ್ರ. ಗಾಡಿಗೆ ನಮ್ಮ ಮನೆ ಹಿಡಿಸಿಲ್ಲ ಎಂದು ಭಾವನ ತೀರ್ಪು. ಒಂದು ಸಂಜೆ ಕಲ್ಲಡ್ಕದಲ್ಲಿ ಕೆಟಿ (ಕಲ್ಲಡ್ಕ ಟೀ) ಕುಡಿಯುತ್ತ, ಲೋಟದೊಳಗೆ ಹಾಲು ಡಿಕಾಕ್ಷನ್ ಬೇರೆ ಬೇರೆ ನಿಂತದ್ದನ್ನೇ ನೋಡುತ್ತ ಲೋಟ ಓರೆ ಮಾಡಿದೆ. ಪದರ ಮಟ್ಟವಾಗಿಯೇ ಉಳಿಯಿತು, ಲೋಟ ಮಾತ್ರ ವಾಲಿತು. ನಮ್ಮ ಅಂಗಳ ಇಳಿಜಾರು! ಗಾಡಿ ನಿಲ್ಲುವುದು ಮೂತಿ ತಗ್ಗಿಗೆ, ಅದರಲ್ಲೂ ಎಡಕ್ಕೆ ವಾಲಿ. ಹೋಸ್ ಪರೀಕ್ಷೆ ಮಾಡಿದ್ದು ಕೆಲಸಕ್ಕೆ ಅನುಕೂಲವೆಂದು ಅಡಿಕೆ ಅಂಗಳದಲ್ಲಿ, ಅಡಿಕೆ ಅಂಗಳಕ್ಕಿಂತ ಮಟ್ಟವಾದ ಜಾಗ ಇಡೀ ಊರಿನಲ್ಲಿಲ್ಲ.

ಅಂದರೆ ನೀರಿನ ದಾರಿ ಗಾಡಿಯ ಓಲಿಗೆ ತಕ್ಕಂತೆ ಬದಲಾಗುತ್ತಿದೆ. ಹಾಗೆ ಬದಲಾಗುವಷ್ಟು ನೀರು ಸೇರುವ ಜಾಗ ಚಾವಣಿ ಒಂದೇ.

ಆದರೆ ಎಲ್ಲಿ? ನೀರು ಸುರಿದು ಹುಡುಕುವುದು ಸಾಕಾಗಿತ್ತು, ಈ ಸಲ ತಿರುವುಮುರುವು ಮಾಡಿದೆ. ಎಲ್ಲ ಗಾಜು ಏರಿಸಿ, ಬ್ಲೋವರ್ ನಾಲ್ಕಕ್ಕೆ, ಲಿವರ್ ಹೊರಗಿನ ಗಾಳಿಗೆ. ಕ್ಯಾಬಿನ್ನಿನ ಒಳಗೆ ಒತ್ತಡ ಏರುತ್ತದೆ. ಆದರೆ ಹಾಗೇ ಬಿಟ್ಟರೆ ಅದು ನಿಲ್ಲುವುದಿಲ್ಲ. ಹಿಂದಿನ ಬಂಪರಿನ ಮರೆಯಲ್ಲಿ ಕ್ಯಾಬಿನ್ ಗಾಳಿ ಹೊರಹೋಗುವ ಕಿಂಡಿಗಳಿರುತ್ತವೆ, ಬಾಗಿಲು ಹಾಕುವಾಗ ಕಿವಿ ಗಡಚಿಕ್ಕದಿರುವುದು ಅವುಗಳಿಂದಲೇ. ಡಿಕ್ಕಿಯ ಒಳಗಿನ ಲೈನಿಂಗ್ ಸರಿಸಿ ಅವಕ್ಕೆ ಟೇಪ್ ಬಡಿದೆ. ಆಮೇಲೆ ಹೊರಗಿನಿಂದ ಸೋಪು ನೀರಿನ ಸಿಂಪಡಣೆ. ಕೈ ಸ್ಪ್ರೇಯರ್ ಹೊಸತೇ ತಂದೆ. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆದ ಹಳೆ ಸ್ಪ್ರೇಯರ್ ಗಾಡಿಗೆ ತರಬೇಡಿ, ಅದರಲ್ಲಿರುವ ಮೈಲುತುತ್ತು ಕೊಳೆರೋಗಕ್ಕೆ ಮದ್ದು, ಕಬ್ಬಿಣಕ್ಕೆ ರೋಗ.

ಗಾಜಿನ ಸುತ್ತ ಏನಿಲ್ಲ. ಬಾಗಿಲ ರಬ್ಬರಿನಲ್ಲಿ ಅಲ್ಲಲ್ಲಿ ಚೂರು ನೊರೆ, ಅದು ಸಹಜ. ಚಾವಣಿಯ ಎಡ ಅಂಚಿನುದ್ದಕ್ಕೂ ಇರುವ ಕಪ್ಪು ಮೋಲ್ಡಿಂಗ್ ಪಟ್ಟಿಯ ಮುಂದಿನ ತುದಿಗೆ, ಎ-ಪಿಲ್ಲರ್ (ಮುಂದಿನ ಗಾಜಿನ ಬದಿಯ ಕಂಬ) ಶುರುವಾಗುವ ಜಾಗಕ್ಕೆ ಹೊಡೆದೆ. ಗುಳ್ಳೆ. ಗುಳ್ಳೆಯ ಮೇಲೆ ಗುಳ್ಳೆ. ಭಾವ ಎದ್ದು ಬಂದ.

ಪಟ್ಟಿ ಎಬ್ಬಿಸಿ ನೋಡಿದರೆ ವಿಷಯ ಸ್ಪಷ್ಟ. ಚಾವಣಿಯ ತಗಡೂ ಬದಿಯ ತಗಡೂ ಕೂಡುವ ಕಾಲುವೆ ಅದು. ಬೆಸುಗೆಯ ಮೇಲೆ ನೀರು ತಡೆಯುವ ಸೀಮ್ ಸೀಲರ್ ಅಂಟು, ಅದರ ಮೇಲೆ ಪಟ್ಟಿ. ಹಿಂದೊಮ್ಮೆ ಯಾರೋ ಚಾವಣಿಗೆ ಸಾಮಾನಿನ ಕ್ಯಾರಿಯರ್ ಬಿಗಿದ ಗುರುತು ಅಲ್ಲೇ ಇತ್ತು, ಕ್ಲ್ಯಾಂಪಿನ ಹಲ್ಲು ಸೀಲರನ್ನು ಕಚ್ಚಿ ಬಿರುಕು ಬಿಡಿಸಿತ್ತು. ಗಾಡಿ ಮಟ್ಟವಾಗಿ ನಿಂತರೆ ಚಾವಣಿಯ ಹೆಚ್ಚಿನ ನೀರು ಹಿಂದಕ್ಕೆ ಹೋಗುತ್ತದೆ. ಮೂತಿ ತಗ್ಗಿಸಿ ಎಡಕ್ಕೆ ವಾಲಿಸಿದರೆ ಇಡೀ ಚಾವಣಿಯ ನೀರು ಆ ಬಿರುಕಿನ ಮೇಲೇ ಹಾದುಹೋಗಬೇಕು. ಒಳಗೆ ಹೊಕ್ಕದ್ದು ಪಿಲ್ಲರಿನ ಟೊಳ್ಳಿನಲ್ಲೇ ಇಳಿದು, ವೈರಿನ ಕಟ್ಟು ಹಿಡಿದು, ಕಿಕ್ ಪ್ಯಾನೆಲ್ ಹಿಂದಿನಿಂದ ಕಾರ್ಪೆಟ್ಟಿನ ಅಡಿಗೆ. ಮೇಲಿನ ಬಟ್ಟೆಗೆ ಒಂದು ಕಲೆಯೂ ಇಲ್ಲ, ಹಾಗಾಗಿ ಯಾರೂ ತಲೆ ಎತ್ತಿ ನೋಡುವುದಿಲ್ಲ.

ಸರಿಪಡಿಸುವುದಕ್ಕಿಂತ ಸಾಮಾನು ತರುವುದೇ ಕಷ್ಟವಾಯಿತು. ಬೇಕಾದದ್ದು ಪಿಯು (ಪಾಲಿಯುರೆಥೇನ್) ಸೀಮ್ ಸೀಲರ್. ಒಂದು ಅಂಗಡಿಯವರು ‘ಎಲ್ಲ ಒಂದೇ ಸಾರ್’ ಎಂದು ಸಿಲಿಕೋನ್ ಕೈಗಿಟ್ಟರು. ವಿನೆಗರ್ ನಾತ ಬರುವ ಸಿಲಿಕೋನ್ ಒಣಗುವಾಗ ಬಿಡುವುದು ಅಸೆಟಿಕ್ ಆಮ್ಲ, ತಗಡಿಗೆ ತುಕ್ಕು ಉಚಿತ, ಮೇಲೆ ಬಣ್ಣವೂ ಕೂರುವುದಿಲ್ಲ. ಇನ್ನೊಬ್ಬರ ಬಳಿ ಪಿಯು ಇತ್ತು, ಅವಧಿ ಮುಗಿದು ಟ್ಯೂಬು ಬಾರುಕೋಲಿನಷ್ಟು ಗಟ್ಟಿ. ಅದು ತೇವಾಂಶದಿಂದಲೇ ಗಟ್ಟಿಯಾಗುವ ವಸ್ತು, ನಮ್ಮ ಜುಲೈಯಲ್ಲಿ ಬಾಯಿ ತೆರೆದಿಟ್ಟರೆ ಬೆಳಗಾಗುವುದರೊಳಗೆ ಮುಗಿಯಿತು. ಮೋಲ್ಡಿಂಗ್ ಪಟ್ಟಿಯದ್ದು ಬೇರೆಯೇ ಗೋಳು. ಪೂರ್ತಿ ಮುಂಗಡ, ವಾಪಸಿಲ್ಲ ಎಂಬ ಷರತ್ತಿನ ಮೇಲೆ ತರಿಸಿದ್ದು, ಎಡಕ್ಕೆ ಹೇಳಿದ್ದಕ್ಕೆ ಬಲದ್ದು ಬಂತು. ‘ತಿರುಗಿಸಿ ಹಾಕಿ ನೋಡಿ’ ಎಂಬ ಸಲಹೆಯನ್ನೂ ಕೊಟ್ಟರು. ಕೊನೆಗೆ ಹಳೆಯ ಪಟ್ಟಿಯನ್ನೇ ಬಿಸಿ ಗಾಳಿಯಲ್ಲಿ ಮೆದು ಮಾಡಿ ನೇರ ಮಾಡಿಕೊಂಡೆ.

ಕೆಲಸ ಇಷ್ಟು: ಹಳೆ ಸೀಲರ್ ಪ್ಲಾಸ್ಟಿಕ್ ಚಾಣದಿಂದ ಕೆರೆದು, ತುಕ್ಕು ತಂತಿ ಬ್ರಶ್ಶಿಗೆ ಕೊಟ್ಟು, ಉಳಿದ ತುಕ್ಕಿಗೆ ಕನ್ವರ್ಟರ್ ದ್ರವ, ಎಪಾಕ್ಸಿ ಪ್ರೈಮರ್, ಪಿಯು, ಬಣ್ಣ. ಕೊಟ್ಟಿಗೆಯ ಮಾಡಿನಡಿ ಗಾಡಿ ನುಗ್ಗಿಸಿ, ಸುತ್ತ ಟಾರ್ಪಲ್ ಕಟ್ಟಿ, ಹ್ಯಾಲೋಜನ್ ದೀಪವಿಟ್ಟು ತಗಡು ಬೆಚ್ಚಗಿಟ್ಟೆ. ಪ್ರೈಮರ್ ಅಡಿಯಲ್ಲಿ ತೇವ ಸಿಕ್ಕಿಕೊಂಡರೆ ಮಾಡಿದ್ದೆಲ್ಲ ಹೊಳೆಗೆ. ದನಗಳಿಗೆ ಮಾತ್ರ ಈ ಹೊಸ ನೆರೆಮನೆ ಇಷ್ಟವಾದಂತೆ ಕಾಣಲಿಲ್ಲ.

ಕೊಟ್ಟಿಗೆ ಎಂದಾಗ ನೆನಪಾಯಿತು: ಅಲ್ಲಿ ಮೂಲೆಯಲ್ಲಿ ಮಾವನ ಯೆಜ್ಡಿ ರೋಡ್‌ಕಿಂಗ್ ಬೈಕ್ ನಿಂತಿದೆ. ಮೈಸೂರಿನ ಯಾದವಗಿರಿಯ ಕಾರ್ಖಾನೆಯದ್ದು, ಅದು ಮುಚ್ಚಿದ್ದೇ 1996ರಲ್ಲಿ. ಕಿಕ್ಕರನ್ನೇ ಮುಂದಕ್ಕೆ ಮಡಚಿದರೆ ಗೇರ್ ಲಿವರ್ ಆಗುವ ಆ ಚಂದ ಬೇರೆ ಯಾವುದಕ್ಕಿದೆ? ಪಿಸ್ಟನ್ ಹಿಡಿದುಕೊಂಡಿದೆ. ಪ್ಲಗ್ ತೂತಿನಿಂದ ಡೀಸೆಲ್, ಎಟಿಎಫ್ (ಆಟೋಮ್ಯಾಟಿಕ್ ಗೇರಿನ ಎಣ್ಣೆ) ಮಿಶ್ರಣ ಹೊಯ್ದಿಟ್ಟಿದ್ದೇನೆ, ತಾನಾಗಿ ಬಿಡುತ್ತದೋ ನೋಡೋಣ. ಕಿಡಿ ಹೊತ್ತಿಸುವ ಹಳೆಯ ಕಾಂಟ್ಯಾಕ್ಟ್ ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕುವುದೋ ಬೇಡವೋ ಎಂದು ಮನಸ್ಸು ಎರಡಾಗಿದೆ. ಹಾಕಿದವರಿದ್ದರೆ ಹೇಳಿ, ‘ಒರಿಜಿನಲ್ ಬಿಟ್ಟು ಬೇರೆ ಮಾಡಬೇಡಿ’ ಎನ್ನುವವರು ನಮ್ಮ ಮಾವ ಒಬ್ಬರೇ ಸಾಕು.

ಸಿಟಿಗೆ ಮರಳಿ. ಸೀಲರ್ ಒಣಗಿದ ಮೇಲೆ ಗಾಡಿಯನ್ನು ಬೇಕೆಂದೇ ಅದೇ ಇಳಿಜಾರಿನಲ್ಲಿ, ಅದೇ ಓಲಿನಲ್ಲಿ ನಿಲ್ಲಿಸಿ ಕಾಲಬುಡದಲ್ಲಿ ಪತ್ರಿಕೆ ಹಾಸಿದೆ. ರಾತ್ರಿಯಿಡೀ ಬಾರಿಸಿದ ಮಳೆಗೂ ಪತ್ರಿಕೆ ಗರಿಗರಿ. ಮತ್ತೆ ಬ್ಲೋವರ್ ಹಾಕಿ ಸೋಪು ಹೊಡೆದರೆ ಆ ಜಾಗ ಮೌನ. ಕಾರ್ಪೆಟ್ ಈಗ ಒಳಗೆ, ಗೂಡು ಅಡಿಕೆಗೆ ವಾಪಸು.

ಕ್ಯಾರಿಯರಿಗೆ ಎರಡು ಬದಿ ಇರುತ್ತದಲ್ಲ. ಅದೇ ಸೋಪು ನೀರು ಬಲಬದಿಗೂ ಹೊಡೆದೆ: ಪಿಲ್ಲರಿನ ಹತ್ತಿರವೇ ಸಣ್ಣ, ಸೋಮಾರಿ ಗುಳ್ಳೆ. ಅಂಗಳ ಎಡಕ್ಕೆ ವಾಲಿರುವುದರಿಂದ ಅದಿನ್ನೂ ಸೋರಲು ಶುರುಮಾಡಿಲ್ಲ ಅಷ್ಟೆ. ಟ್ಯೂಬಿನಲ್ಲಿ ಅರ್ಧ ಪಿಯು ಉಳಿದಿದೆ, ಮೂತಿಗೆ ಸ್ಕ್ರೂ ಬಿಗಿದು ಡಬ್ಬಿಯಲ್ಲಿ ಅಕ್ಕಿಯೊಂದಿಗೆ ಮುಚ್ಚಿಟ್ಟಿದ್ದೇನೆ. ಬಲದ ಪಟ್ಟಿಯಂತೂ ಹೊಸತೇ ಇದೆ, ಪೂರ್ತಿ ಮುಂಗಡ ಕೊಟ್ಟದ್ದು. ಭಾನುವಾರ ಮಳೆ ಬಿಟ್ಟರೆ ಅದನ್ನು ಬಿಚ್ಚುತ್ತೇನೆ, ಬಿಡದಿದ್ದರೆ ಎಂಜಿನ್ನಿನ ವಾಲ್ವ್ ಕ್ಲಿಯರೆನ್ಸ್ (ವಾಲ್ವಿನ ಸಂದು) ನೋಡುವುದು.