ಕೆಂಪು ಕುಚ್ಚು ಕಂಡರೆ ಸಾಲದು

ರೇಡಿಯೋ ಕಾಲರ್ ಹಾಕಲೆಂದು ಕಾಡು ಸಲಗಕ್ಕೆ ಮಂಪರು ಮದ್ದಿನ ಡಾರ್ಟ್ ಹೊಡೆದಿದ್ದೆ. ಮೊದಲ ಡಾರ್ಟ್ ಬಿದ್ದ ಹದಿನೆಂಟನೇ ನಿಮಿಷಕ್ಕೆ ಎರಡನೆಯದನ್ನು ಹೊಡೆದೆ. ಹೊಡೆಯಬಾರದಿತ್ತು. ಸಲಗ ಬದುಕಿತು, ಎದ್ದು ಕಾಡಿಗೆ ಹೋಯಿತು, ವರದಿಯಲ್ಲಿ ಎರಡು ಸಾಲಿಗೆ ಮುಗಿಯಿತು. ನನಗೆ ಮಾತ್ರ ಆ ಹದಿನೆಂಟು ನಿಮಿಷ, ಆಮೇಲಿನ ಹದಿನೈದು ನಿಮಿಷ ಇನ್ನೂ ಮುಗಿದಿಲ್ಲ.

ರೊಬಸ್ಟಾ ತೋಟ, ಬೆಳಗ್ಗೆ ಏಳೂಕಾಲು. ದೂರ ಅಳೆಯುವ ರೇಂಜ್‌ಫೈಂಡರ್ ಮೂರು ಸಲಕ್ಕೆ ಮೂರು ಅಂಕಿ ಕೊಟ್ಟಿತು: 22, 31, 24 ಮೀಟರ್. ತೋಟದೊಳಗೆ ಲೇಸರ್ ಆನೆಗೆ ಬೀಳುವುದಕ್ಕಿಂತ ಮೆಣಸಿನ ಬಳ್ಳಿಗೆ ಬೀಳುವುದೇ ಹೆಚ್ಚು. ಇಂಥ ಕಡೆ ದೊಡ್ಡ ಅಂಕಿಯನ್ನೇ ಹಿಡಿಯಬೇಕು. ಅಡ್ಡ ಬರುವ ಎಲೆ ಯಾವಾಗಲೂ ಆನೆಗಿಂತ ಹತ್ತಿರವೇ ಇರುತ್ತದೆ. 31ಕ್ಕೆ ತಕ್ಕಂತೆ ಗನ್ನಿನ ಪ್ರೆಷರ್ ಇಟ್ಟಿದ್ದು ಸರಿಯಾಗಿತ್ತು. ಡಾರ್ಟ್ ನೆಟ್ಟ ಜಾಗವೂ ಮೇಲ್ನೋಟಕ್ಕೆ ಸರಿಯೇ, ಎಡ ಚಪ್ಪೆ, ಅಂದರೆ ಸೊಂಟದ ಕೆಳಗಿನ ತೊಡೆಯ ಭಾಗ. ಡಾರ್ಟ್ ಬಾಲದ ಕೆಂಪು ಕುಚ್ಚು ಎದ್ದು ಕಾಣುತ್ತಿತ್ತು. "ಹಿಟ್, ಹಿಟ್" ಅಂತ ವಾಕಿಯಲ್ಲಿ ಮೂರು ಜನ ಕೂಗಿದರು.

ತಪ್ಪಿದ್ದು ಕೋನ. ಸಲಗ ಬೆನ್ನು ನಮ್ಮ ಕಡೆ ಮಾಡಿ ಓರೆಯಾಗಿ ನಿಂತಿತ್ತು. ಸೂಜಿ 60 ಮಿ.ಮೀ. ಉದ್ದದ್ದು. ನೇರ ಹೊಕ್ಕರೆ ಅಷ್ಟೂ ಆಳಕ್ಕೆ ಹೋಗುತ್ತದೆ. 45 ಡಿಗ್ರಿ ಓರೆಯಲ್ಲಿ ಹೊಕ್ಕರೆ ಆಳ 42 ಮಿ.ಮೀ.ಗೆ ಇಳಿಯುತ್ತದೆ. ಅದರಲ್ಲಿ ಆನೆಯ ಚರ್ಮವೇ 25-30 ಮಿ.ಮೀ. ತಿಂದುಹಾಕುತ್ತದೆ. ಉಳಿಯುವುದು ಒಂದು, ಒಂದೂವರೆ ಸೆಂಟಿಮೀಟರ್. ಸೂಜಿಯ ರಂಧ್ರ ಇರುವುದು ತುದಿಯಲ್ಲಲ್ಲ, ಪಕ್ಕದಲ್ಲಿ, ತುದಿಯಿಂದ ಹಿಂದಕ್ಕೆ. ಹಾಗಾಗಿ ಮದ್ದು ಸ್ನಾಯುವಿಗೆ ಇಳಿಯದೆ ಚರ್ಮ, ಸ್ನಾಯುಪೊರೆ ಎರಡರ ನಡುವೆ ಹರಡಿತು. ಅಲ್ಲಿ ರಕ್ತ ಓಡಾಟ ಕಡಿಮೆ. ಮದ್ದು ಏರುತ್ತದೆ, ಆದರೆ ತನ್ನದೇ ನಿಧಾನದಲ್ಲಿ. ಡಾರ್ಟ್ ಕೆಲಸ ಮಾಡಿಲ್ಲ ಎನ್ನುವುದಕ್ಕೂ ಇನ್ನೂ ಮಾಡುತ್ತಿದೆ ಎನ್ನುವುದಕ್ಕೂ ಇರುವ ವ್ಯತ್ಯಾಸ ಮೂವತ್ತು ಮೀಟರ್ ದೂರದಿಂದ ಕಾಣುವುದಿಲ್ಲ.

ಹೊಸದಾಗಿ ಗನ್ ಹಿಡಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕು. ಕೆನಡಾ, ಅಲಾಸ್ಕಾ ಕಡೆ ಬಿಲ್ಲು ಹಿಡಿದು ಮೂಸ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಹೋಗುವವರು ಪ್ರಾಣಿ ಅಡ್ಡ ನಿಲ್ಲಲಿ ಅಥವಾ ಸ್ವಲ್ಪ ಬೆನ್ನು ತಿರುಗಿಸಿ ಓರೆಯಾಗಲಿ ಅಂತ ಕಾಯುತ್ತಾರೆ. ಓರೆಯಿದ್ದರೆ ಬಾಣ ಪಕ್ಕೆಲುಬುಗಳ ಹಿಂದಿನಿಂದ ನುಗ್ಗಿ ಎರಡೂ ಶ್ವಾಸಕೋಶ ದಾಟುತ್ತದೆ. ಆ ಫೋಟೋಗಳನ್ನು ನೋಡಿ ಬಂದ ಹುಡುಗರು ನಮ್ಮಲ್ಲೂ ಓರೆ ಒಳ್ಳೆಯದು ಅಂದುಕೊಳ್ಳುತ್ತಾರೆ. ನಮ್ಮದು ಪೂರ್ತಿ ತಿರುಗುಮುರುಗು. ಬಾಣಕ್ಕೆ ಎದೆಗೂಡು ಬೇಕು, ಡಾರ್ಟ್‌ಗೆ ಎದೆಗೂಡು ಆಗದು. ಬಾಣ ಹಾದುಹೋಗಬೇಕು, ಡಾರ್ಟ್ ನಿಂತು ಖಾಲಿಯಾಗಬೇಕು. ಸೂಜಿ ಚರ್ಮಕ್ಕೆ ಲಂಬವಾಗಿ ಹೊಡೆಯಬೇಕೆಂದರೆ ಆನೆ ಅಡ್ಡ ನಿಂತಿರಬೇಕು, ಇಲ್ಲವೇ ಪೂರ್ತಿ ಬೆನ್ನು ಕೊಟ್ಟು ತೊಡೆಯ ಹಿಂಭಾಗ ನಮಗೆ ಚಪ್ಪಟೆಯಾಗಿ ಕಾಣುತ್ತಿರಬೇಕು. ನಡುವಿನ ಓರೆಯಲ್ಲಿ ಕಾಯುವುದೇ ಕೆಲಸ.

ಜಾಗ ಎಂದರೆ ಸೊಂಟದ ಮೂಳೆಯ ಉಬ್ಬಿನಿಂದ ಕೆಳಗೆ, ಮಂಡಿಗಿಂತ ಸಾಕಷ್ಟು ಮೇಲೆ, ತೊಡೆಯ ದಪ್ಪ ಭಾಗ. ಅದಕ್ಕಿಂತ ಮೇಲೆ ಹೋದರೆ ಮೂಳೆ. ಸೂಜಿ ಬಾಗುತ್ತದೆ ಅಥವಾ ಡಾರ್ಟ್ ಪುಟಿದು ಬೀಳುತ್ತದೆ. ಬಾಲದ ಬುಡಕ್ಕೆ ಹತ್ತಿರವಾದರೆ ಸ್ನಾಯು ಇಲ್ಲ. ಮುಂದಕ್ಕೆ ಸರಿದರೆ ತೊಡೆ-ಹೊಟ್ಟೆ ಸೇರುವ ಸಡಿಲ ಮಡಿಕೆ, ಅದರಾಚೆ ಹೊಟ್ಟೆಯೇ. ಭುಜದಲ್ಲಿ ಮೊಣಕೈ ಮೇಲಿನ ಸ್ನಾಯು ಚೆನ್ನಾಗಿದೆ, ಆದರೆ ಕಿವಿ ಬೀಸಿದಾಗ ಆ ಕಡೆಗೇ ಬರುತ್ತದೆ, ಸ್ವಲ್ಪ ಹಿಂದಾದರೆ ಪಕ್ಕೆಲುಬು. ಚಪ್ಪೆ ಸಿಗದಿದ್ದಾಗ ಮಾತ್ರ ಭುಜ. ಕೆಸರು ಮೆತ್ತಿಕೊಂಡ ಆನೆಗೆ ಒಣಗಿದ ಪದರದ ಮೇಲೆ ಹೊಡೆಯಬೇಡಿ. ಮಣ್ಣಿನ ದಪ್ಪವೂ ಸೂಜಿಯ ಲೆಕ್ಕದಲ್ಲೇ ಕಳೆಯುತ್ತದೆ.

ಡೋಸ್ ಲೆಕ್ಕಕ್ಕೆ ಹಿಂದಿನ ದಿನ ಸಿಕ್ಕ ಮುಂಗಾಲಿನ ಹೆಜ್ಜೆಗೆ ಹಗ್ಗ ಸುತ್ತಿ ಅಳೆದಿದ್ದೆವು. ಸುತ್ತಳತೆಯ ಎರಡರಷ್ಟು ಭುಜದೆತ್ತರ, ಎತ್ತರದಿಂದ ತೂಕದ ಅಂದಾಜು. ಗಟ್ಟಿ ನೆಲದ ಹೆಜ್ಜೆ ಬೇಕು. ಕೆಸರಿನಲ್ಲಿ ಹೆಜ್ಜೆ ಹರಡಿ ಆನೆ ದೊಡ್ಡದಾಗಿ ತೋರುತ್ತದೆ, ಡೋಸೂ ಸುಮ್ಮನೆ ಏರುತ್ತದೆ. ಮದ್ದು ಕ್ಸೈಲಜಿನ್-ಕೆಟಮಿನ್. ಲೋಡ್ ಮಾಡುವಾಗ ಸ್ಲೀವ್ (ಸೂಜಿಗೆ ತೊಡಿಸುವ ಪುಟ್ಟ ಕೊಳವೆ) ರಂಧ್ರವನ್ನು ಪೂರ್ತಿ ಮುಚ್ಚಿದೆಯೇ ಅಂತ ಬೆಳಕಿಗೆ ಹಿಡಿದು ನೋಡಬೇಕು, ಗಾಳಿ ತುಂಬಿಸಿದ ಮೇಲೆ ಒಂದು ನಿಮಿಷ ಸೂಜಿ ಮೇಲೆ ಮಾಡಿ ಇಟ್ಟು ಹನಿ ಬರುತ್ತದೆಯೇ ನೋಡಬೇಕು. ಹಳೆಯ ಸ್ಲೀವ್ ಮತ್ತೆ ಬಳಸಬೇಡಿ ಅಂತ ನಾನು ಹೇಳುತ್ತೇನೆ, ಹೊಸದಕ್ಕೆ ಇಂಡೆಂಟ್ (ಬೇಡಿಕೆ ಪತ್ರ) ಹಾಕಿದರೆ ಕಳೆದ ವರ್ಷದ್ದು ಏನಾಯಿತು ಅಂತ ಆಫೀಸಿನವರು ಕೇಳುತ್ತಾರೆ. ಸವೆಯುವ ಸಾಮಾನು ಸವೆದಿದೆ ಎನ್ನುವುದಕ್ಕೆ ಪ್ರಮಾಣಪತ್ರ ಎಲ್ಲಿಂದ ತರುವುದು?

ಈಗ ಆ ಹದಿನೆಂಟು ನಿಮಿಷ. ಸ್ನಾಯುವಿಗೆ ಸರಿಯಾಗಿ ಇಳಿದಿದ್ದರೆ ಎಂಟು-ಹತ್ತು ನಿಮಿಷಕ್ಕೆ ಗುರುತು ಕಾಣಬೇಕು. ಕಿವಿ ಬೀಸುವುದು ನಿಲ್ಲುತ್ತದೆ, ಬಾಲ ಜೋತು ಬೀಳುತ್ತದೆ, ಸೊಂಡಿಲ ತುದಿ ನೆಲಕ್ಕೆ ತಾಗುತ್ತದೆ, ಹಿಂಗಾಲು ಎಳೆಯುತ್ತದೆ, ಗಂಡಾದರೆ ಶಿಶ್ನ ಹೊರಗೆ ಇಳಿಬೀಳುತ್ತದೆ. ಆಮೇಲೆ ಗೊರಕೆ. ನಾನು ನಿಂತಲ್ಲಿಂದ ಕಾಣುತ್ತಿದ್ದುದು ಬೆನ್ನು, ಒಂದು ಕಿವಿ, ಅಷ್ಟೇ. ಕೆಳಗಿನದೆಲ್ಲ ಕಾಫಿ ಗಿಡ. ಕಿವಿ ಬೀಸುತ್ತಲೇ ಇತ್ತು. ನಿಧಾನವಾಗಿದೆಯೇ ಇಲ್ಲವೇ ಎಂದು ತೀರ್ಮಾನಿಸಲು ಎಣಿಸಬೇಕಿತ್ತು, ನಿಮಿಷಕ್ಕೆ ಎಷ್ಟು ಬೀಸು ಅಂತ ಡಾರ್ಟ್‌ಗೆ ಮೊದಲೇ ಬರೆದಿಟ್ಟುಕೊಳ್ಳಬೇಕಿತ್ತು. ಬರೆದಿರಲಿಲ್ಲ. ಅಷ್ಟರಲ್ಲಿ ರಸ್ತೆ ಕಡೆ ಜನ ಸೇರಿ ಶಿಳ್ಳೆ, ಕೂಗು. ಗದ್ದಲಕ್ಕೆ ಆನೆ ಬೆದರಿದರೆ ಅಡ್ರಿನಲಿನ್ ಏರಿ ಕ್ಸೈಲಜಿನ್ ಹಿಡಿತ ಸಡಿಲವಾಗುತ್ತದೆ. ಹೆಚ್ಚು ಮದ್ದು ಬೇಕಾಗುತ್ತದೆ ಎನ್ನುವುದು ಪಾಠದಲ್ಲಿದ್ದ ಮಾತೇ, ಆ ಕ್ಷಣಕ್ಕೆ ನೆಪವಾಗಿ ಒದಗಿತು. ವಾಕಿಯಲ್ಲಿ "ಏನಾಯ್ತು, ಇನ್ನೂ ಆಗಿಲ್ವಾ" ಎನ್ನುವ ದನಿ ಎರಡು ಸಲ ಬಂತು.

ಹದಿನಾಲ್ಕನೇ ನಿಮಿಷಕ್ಕೆ ಮರದ ಮೇಲಿದ್ದ ವಾಚರ್ ಏನೋ ಹೇಳಲು ಹೊರಟ. "ಸಾರ್, ಅದರದ್ದು..." ಅಂದ, ನಿಲ್ಲಿಸಿದ. "ಏನಪ್ಪ?" ಅಂದೆ. "ಏನಿಲ್ಲ ಸಾರ್, ನಿಂತಿದೆ." ಚಾನೆಲ್‌ನಲ್ಲಿ ವಲಯ ಅರಣ್ಯಾಧಿಕಾರಿ (ಆರ್‌ಎಫ್‌ಒ) ಮೇಡಂ ಇದ್ದರು. ಆನೆಯ ಶಿಶ್ನ ಇಳಿಬಿದ್ದಿದ್ದನ್ನು ಅವನು ನೋಡಿದ್ದ, ಮೇಡಂ ಕೇಳುತ್ತಿರುವಾಗ ಹೇಗೆ ಹೇಳುವುದು ಅಂತ ನುಂಗಿಕೊಂಡ. ಇಡೀ ಕಾರ್ಯಾಚರಣೆಗೆ ಬೇಕಾಗಿದ್ದ ಒಂದೇ ಒಂದು ಸುದ್ದಿ ಅದು.

ಎರಡನೇ ಡಾರ್ಟ್‌ನಲ್ಲಿ ಪೂರ್ತಿ ಡೋಸ್ ಇತ್ತು. ಅರ್ಧ ತುಂಬಿದ ಡಾರ್ಟ್ ಮಾಡಿಟ್ಟುಕೊಂಡಿರಲಿಲ್ಲ. ಅಲ್ಲಿ ನಿಂತು ಹೊಸದಾಗಿ ಲೋಡ್ ಮಾಡಲು ಮನಸ್ಸು ಬರಲಿಲ್ಲ. ಈ ಸಲ ಆನೆ ಅಡ್ಡ ನಿಂತಿತ್ತು, ಸೂಜಿ ನೆಟ್ಟಗೆ ಸ್ನಾಯುವಿಗೆ ಇಳಿಯಿತು. ಎಂಟನೇ ನಿಮಿಷಕ್ಕೆ ಸಲಗ ಬಿತ್ತು, ಪಕ್ಕಕ್ಕಲ್ಲ. ಮುಂಗಾಲು ಮಡಚಿ, ನೀರಿಂಗಲು ತೋಟದಲ್ಲಿ ತೋಡಿದ್ದ ತೊಟ್ಟಿಲು ಗುಂಡಿಯ ಏರಿಗೆ ಒರಗಿ, ಎದೆಯ ಮೇಲೆ ಕುಸಿದು ಕೂತಿತು. ಸೊಂಡಿಲು ತಲೆಯ ಕೆಳಗೆ ಮಡಚಿಕೊಂಡಿತ್ತು.

ಆನೆಗೆ ಸ್ಟರ್ನಲ್, ಅಂದರೆ ಹೀಗೆ ಎದೆಯ ಮೇಲೆ ಕೂರುವುದು ಎಂದರೆ, ಉಸಿರಿಗೆ ಕಲ್ಲು ಹೇರಿದಂತೆ. ಬೇರೆ ಪ್ರಾಣಿಗಳಲ್ಲಿ ಶ್ವಾಸಕೋಶ, ಎದೆಗೋಡೆ ಎರಡರ ನಡುವೆ ಜಾಗ ಇರುತ್ತದೆ, ಆನೆಯಲ್ಲಿ ಎರಡೂ ಅಂಗಾಂಶದಿಂದ ಅಂಟಿಕೊಂಡಿವೆ. ಉಸಿರಾಡಬೇಕಾದರೆ ಎದೆಗೋಡೆ, ವಪೆ (ಎದೆ-ಹೊಟ್ಟೆ ನಡುವಿನ ಸ್ನಾಯುಪರದೆ) ಎರಡೂ ಆಡಲೇಬೇಕು. ಎದೆಯ ಮೇಲೆ ಕೂತರೆ ಟನ್‌ಗಟ್ಟಲೆ ತನ್ನದೇ ಭಾರ ಎದೆಗೂಡನ್ನು ಒತ್ತುತ್ತದೆ, ಹೊಟ್ಟೆಯ ಭಾರ ವಪೆಯನ್ನು ಮುಂದಕ್ಕೆ ದೂಡುತ್ತದೆ. ಮೊದಲು ಸೊಂಡಿಲು ಎಳೆದು ನೇರ ಮಾಡಿ ತುದಿಗೆ ಕಡ್ಡಿ ಕೊಟ್ಟು ತೆರೆದಿಟ್ಟೆವು. ಉಸಿರು ನಿಮಿಷಕ್ಕೆ ಮೂರು. ಪಕ್ಕಕ್ಕೆ ಉರುಳಿಸಲು ಹತ್ತಾಳಿನ ಕೈ ಸಾಲದು, ಕುಮ್ಕಿಗಳೇ (ಪಳಗಿದ ಸಾಕಾನೆಗಳೇ) ಬೇಕು. ಕುಮ್ಕಿಗಳು 400 ಮೀಟರ್ ಹಿಂದಿದ್ದವು.

ಹಿಂದೆ ನಿಲ್ಲಿಸಿದ್ದಕ್ಕೆ ಯಾರನ್ನೂ ಬೈಯಲಾರೆ. 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ, ಎಂಟು ದಸರಾ ಅಂಬಾರಿ ಹೊತ್ತ ಅರ್ಜುನ ಕಾಡು ಸಲಗದ ಜೊತೆ ಕಾದಾಡಿ ಸತ್ತ ಮೇಲೆ ಸಾಕಾನೆಯನ್ನು ನಿಂತಿರುವ ಸಲಗದ ಹತ್ತಿರ ಒಯ್ಯಲು ಎಲ್ಲರ ಕೈಯೂ ನಡುಗುತ್ತದೆ. ಆದರೆ ಡಾರ್ಟ್ ಬೀಳುವವರೆಗೆ ದೂರ ಇರುವುದು ಒಂದು, ಗುರುತು ಕಂಡ ಮೇಲೂ ದೂರವೇ ಉಳಿಯುವುದು ಇನ್ನೊಂದು. ಬಾಲ ಜೋತುಬಿದ್ದ ಕೂಡಲೇ ಕುಮ್ಕಿ ಹೊರಟು ನೂರು ಮೀಟರ್ ಒಳಗೆ ಬರಬೇಕು. ಮಾವುತರಿಗೆ ಈ ಮಾತು ಬೆಳಗ್ಗೆಯೇ ಹೇಳಬೇಕು, ಕೂಗಿ ಕರೆಯುವಾಗಲ್ಲ.

ಅವು ಬಂದು, ಹಗ್ಗ ಕಟ್ಟಿ, ಒಂದು ಎಳೆದು ಇನ್ನೊಂದು ಹಣೆ ಕೊಟ್ಟು ದೂಡಿ, ಸಲಗ ಬಲಕ್ಕೆ ಮಗ್ಗುಲಾಗುವಷ್ಟರಲ್ಲಿ ಏಳು ನಿಮಿಷ. ಮಗ್ಗುಲಾದ ಮೇಲೆ ಒಂದು ದೊಡ್ಡ ಉಸಿರು ಬಿಟ್ಟಿತು, ಸೊಂಡಿಲ ತುದಿಯಲ್ಲಿದ್ದ ಒಣ ತರಗೆಲೆ ಹಾರಿತು. ನಿಮಿಷಕ್ಕೆ ಐದು, ಆಮೇಲೆ ಆರು. ಕಿವಿಗೆ ನೀರು ಸುರಿದರು, ಕಣ್ಣಿಗೆ ಒದ್ದೆ ಗೋಣಿ ಮುಚ್ಚಿದರು. ಕೂಡಲೇ ರಿವರ್ಸಲ್ (ಮಂಪರು ಇಳಿಸುವ ಮದ್ದು) ಕೊಡಿ ಅಂತ ಎಲ್ಲರೂ ಕೂಗಿದರು. ನಮ್ಮ ರಿವರ್ಸಲ್ ಯೋಹಿಂಬಿನ್, ಅದು ತೆಗೆಯುವುದು ಕ್ಸೈಲಜಿನ್ ಪರಿಣಾಮ ಒಂದನ್ನೇ, ಕೆಟಮಿನ್ ಮೈಯಲ್ಲಿ ಉಳಿಯುತ್ತದೆ. ಆ ಸ್ಥಿತಿಯಲ್ಲಿ ಎಬ್ಬಿಸಿದರೆ ಸೆಟೆದು ಒದ್ದಾಡುತ್ತದೆ. ಉಸಿರು ಸುಧಾರಿಸಿದ್ದರಿಂದ ಕಾದೆವು. ಉಸಿರು ಮೂರರಲ್ಲೇ ಉಳಿದಿದ್ದರೆ ಒದ್ದಾಡಿದರೂ ಸರಿ ಅಂತ ಆಗಲೇ ಕೊಡುತ್ತಿದ್ದೆ. ಅರ್ಧ ಗಂಟೆ ಬಿಟ್ಟು ಕಿವಿಯ ರಕ್ತನಾಳಕ್ಕೆ ಕೊಟ್ಟು ಹಿಂದೆ ಸರಿದೆವು, ನಾಲ್ಕು ನಿಮಿಷಕ್ಕೆ ಎದ್ದು ನಿಂತಿತು. ಕಾಲರ್ ಹಾಕಲಿಲ್ಲ. ಕತ್ತಿನಡಿ ಬೆಲ್ಟ್ ತೂರಿಸಲು ತಲೆ ಎತ್ತಬೇಕು, ಆ ಹೊತ್ತಿಗೆ ಆ ತಲೆಯನ್ನು ಅಲ್ಲಾಡಿಸುವ ಧೈರ್ಯ ನನಗಿರಲಿಲ್ಲ. ಆಫೀಸಿನಿಂದ ಬಂದ ಮೊದಲ ಫೋನು: "ಕಾಲರ್ ಹಾಕಿದ್ರಾ?"

ಇಲ್ಲೇ ಒಂದು ಎಚ್ಚರಿಕೆ. ಮಗ್ಗುಲಿಗೆ ಮಲಗಿಸುವ ಈ ಪಾಠವನ್ನು ಕಾಟಿಗೆ (ಕಾಡುಕೋಣಕ್ಕೆ) ಒಯ್ಯಬೇಡಿ. ಕಾಟಿ ಮೆಲುಕು ಹಾಕುವ ಪ್ರಾಣಿ. ಮಗ್ಗುಲಾದರೆ ಹೊಟ್ಟೆ ಉಬ್ಬರಿಸುತ್ತದೆ, ಒಳಗಿನದು ಮೇಲೆ ಬಂದು ಶ್ವಾಸನಾಳಕ್ಕೆ ಇಳಿಯುತ್ತದೆ. ಅದನ್ನು ಎದೆಯ ಮೇಲೆಯೇ ಕೂರಿಸಿ, ಕತ್ತು ನೇರ, ಮೂತಿ ತಗ್ಗಿಸಿ ಹಿಡಿಯಬೇಕು. ಓಡಿಸಿ ದಣಿಸಿದ ಕಾಟಿಯಂತೂ ಸ್ನಾಯು ಸುಟ್ಟುಕೊಂಡು ಎರಡು ದಿನ ಬಿಟ್ಟು ಸಾಯಬಹುದು. ಚಿರತೆಗೆ ಆನೆಯ ಸೂಜಿ, ಆನೆಯ ಪ್ರೆಷರ್ ಎರಡೂ ಕೊಲೆ. ಅದರ ತೊಡೆ ಅಂಗೈ ಅಗಲ, ತಪ್ಪಿದರೆ ಮೂಳೆ ಇಲ್ಲವೇ ಕರುಳು.

ಸಲಗ ಹೋದ ಮೇಲೆ ಎರಡೂ ಡಾರ್ಟ್ ಸಿಕ್ಕವು. ಮೊದಲನೆಯದನ್ನು ಬಿಚ್ಚಿದೆ. ಸ್ಲೀವ್ ಹಿಂದಕ್ಕೆ ಸರಿದಿತ್ತು, ಪ್ಲಂಜರ್ ತುದಿಗೆ ಬಂದಿತ್ತು, ಒಂದು ಹನಿಯೂ ಉಳಿದಿರಲಿಲ್ಲ. ಈಗ ಕಿಟ್‌ನಲ್ಲಿ ಅರ್ಧ ಡೋಸಿನ ಡಾರ್ಟ್ ಒಂದು ಬೇರೆ ಬಣ್ಣದ ಕುಚ್ಚಿನೊಂದಿಗೆ ಇರುತ್ತದೆ, ಮೂವತ್ತು ನಿಮಿಷ ಆಗುವವರೆಗೆ ಅದನ್ನು ಪೆಟ್ಟಿಗೆಯಿಂದ ತೆಗೆಯುವಂತಿಲ್ಲ. ಎದುರು ಬದಿಗೆ ಒಬ್ಬ ವಾಚರ್ ಇದ್ದೇ ಇರುತ್ತಾನೆ. ಆ ಗುರುತು ತಿಳಿಸಲು ಅವನಿಗೆ ಒಂದು ಸಂಕೇತದ ಮಾತನ್ನೂ ಹೇಳಿಕೊಟ್ಟಿದ್ದೇವೆ. ಮೇಡಂ ಚಾನೆಲ್‌ನಲ್ಲಿದ್ದರೂ ಪರವಾಗಿಲ್ಲ, ಈಗ ಅವರೂ ಅದನ್ನೇ ಕೇಳುತ್ತಾರೆ: "ಲಾಡಿ ಸಡಿಲ ಆಯ್ತೇನಪ್ಪ?"