‘ಆ ಪೆಟ್ರೋಲಿನ ದುಡ್ಡನ್ನೇ ಕೊಟ್ಟರೆ ಆಗುವುದಿಲ್ವಾ?’

ಪ್ರತಿ ವರ್ಷ ದೀಪಾವಳಿ ಕಳೆದ ಕೂಡಲೇ ಈ ಪ್ರಶ್ನೆ ಶುರುವಾಗುತ್ತದೆ. ಮದುವೆ ಮನೆಯ ಊಟದ ಸಾಲಿನಲ್ಲಿ, ಬದಿಯಡ್ಕ ಪೇಟೆಯ ಚಾ ಅಂಗಡಿಯಲ್ಲಿ, ಯಕ್ಷಗಾನದ ಚಪ್ಪರದ ಹಿಂದೆ. ‘ಡಿಸೆಂಬರ್‌ನಲ್ಲಿ ನೀವು ಮೂವತ್ತು ಜನ ಬೈಕ್ ತಗೊಂಡು ಎಂಡೋಸಲ್ಫಾನ್ ಸಂತ್ರಸ್ತರ ಮನೆಗಳಿಗೆ ಹೋಗ್ತೀರಲ್ಲ, ಆ ಪೆಟ್ರೋಲಿನ ದುಡ್ಡನ್ನೇ ಅವರಿಗೆ ಕೊಟ್ಟುಬಿಟ್ಟರೆ ಆಗುವುದಿಲ್ವಾ?’

ಎಂಡೋಸಲ್ಫಾನ್ ಅಂದರೆ ನಮ್ಮ ಕಾಸರಗೋಡಿನ ಗೇರು ತೋಟಗಳಿಗೆ ಸಿಂಪಡಿಸಿದ ಕೀಟನಾಶಕ. ಕೇಳುವವರಿಗೆ ಕೊಂಕು ಇಲ್ಲ. ನನ್ನ ಅತ್ತಿಗೆಯೂ ಕೇಳಿದ್ದಾರೆ. ಪ್ರತಿ ಸಲ ಎರಡು ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದೆ. ಈ ಸಲ ಕುಳಿತು ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ಕಳೆದ ವರ್ಷ 31 ಬೈಕ್, ಸುಮಾರು 95 ಕಿಲೋಮೀಟರ್. ನಮ್ಮಲ್ಲಿ ಹೆಚ್ಚಿನವು ದಿನಾ ಕೆಲಸಕ್ಕೆ ಹೋಗುವ ಸಾಧಾರಣ ಬೈಕುಗಳು. ಒಂದಕ್ಕೆ ಎರಡು ಲೀಟರ್ ಚಿಲ್ಲರೆ ಹಿಡಿದರೆ ಎಲ್ಲ ಸೇರಿ ಸುಮಾರು 7 ಸಾವಿರ ರೂಪಾಯಿ. ಅಡ್ಕಸ್ಥಳದಲ್ಲಿ ಕರ್ನಾಟಕದ ಗಡಿ ದಾಟಿ ತುಂಬಿಸಿದರೆ ಇನ್ನೂ ಸ್ವಲ್ಪ ಕಡಿಮೆ. ಅಷ್ಟೂ ಹಣ ನಮ್ಮ ನಮ್ಮ ಕಿಸೆಯದ್ದು. ಹೊರಡುವ ಮೊದಲು ಪ್ರತಿಯೊಬ್ಬರೂ ತಮ್ಮವರಲ್ಲಿ ಕೇಳುತ್ತಾರೆ: ನಾನು ಓಡಿಸುವ ಒಂದೊಂದು ಕಿಲೋಮೀಟರಿಗೆ ಇಷ್ಟು ಅಂತ ಕೊಡ್ತೀರಾ? ಮಂಗಳೂರಿನ ಭಾವ, ದುಬೈಯಲ್ಲಿರುವ ಗೆಳೆಯ, ಬ್ಯಾಂಕಿನ ಸಹೋದ್ಯೋಗಿ. ಹಾಗೆ ಬಂದದ್ದು ಪೆಟ್ರೋಲಿನ ಖರ್ಚಿನ ಹತ್ತು ಪಟ್ಟಿಗಿಂತ ಜಾಸ್ತಿ. ಸುಮ್ನೆ ‘ದಾನ ಕೊಡಿ’ ಅಂದಿದ್ದರೆ ಅಷ್ಟು ಬರುತ್ತಿರಲಿಲ್ಲ. ಇದು ನಾವು ಕಂಡುಹಿಡಿದದ್ದಲ್ಲ. 2012ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಶುರುವಾದ ಡಿಸ್ಟಿಂಗ್ವಿಷ್ಡ್ ಜೆಂಟಲ್‌ಮನ್ಸ್ ರೈಡ್‌ನಲ್ಲಿ ಸವಾರರು ಕೋಟು, ಟೈ ಹಾಕಿಕೊಂಡು ಹಳೆ ಕಾಲದ ಚಂದದ ಬೈಕುಗಳಲ್ಲಿ ಹೊರಡುತ್ತಾರೆ. ತಮ್ಮವರಿಂದ ಹಣ ಕೂಡಿಸಿ ಪ್ರಾಸ್ಟೇಟ್ ಕ್ಯಾನ್ಸರ್ ಮತ್ತು ಗಂಡಸರ ಮಾನಸಿಕ ಆರೋಗ್ಯದ ಕೆಲಸಕ್ಕೆ ಕೊಡುತ್ತಾರೆ. ಅಮೆರಿಕದಲ್ಲಿ ಚಳಿ ಶುರುವಾಗುವ ಹೊತ್ತಿಗೆ ಬೈಕಿಗೆ ಆಟಿಕೆಗಳನ್ನು ಕಟ್ಟಿಕೊಂಡು ಬಡ ಮಕ್ಕಳಿಗಾಗಿ ಸಾಲು ಸಾಲಾಗಿ ಹೋಗುವ ರೂಢಿ ಎಷ್ಟೋ ವರ್ಷಗಳದ್ದು.

ಆದರೆ ಲೆಕ್ಕ ಹೇಳಿದ ಮಾತ್ರಕ್ಕೆ ನಿಮ್ಮ ಪ್ರಶ್ನೆಗೆ ಉತ್ತರ ಕೊಟ್ಟಂತಾಗುವುದಿಲ್ಲ. ನಿಜವಾದ ಉತ್ತರ ನಾನು ಒಬ್ಬನೇ ಓಡಾಡುವ ಭಾನುವಾರಗಳಿಂದ ಶುರುವಾಗುತ್ತದೆ.

ಕಾಸರಗೋಡಿನಲ್ಲಿ ಬೈಕ್ ಓಡಿಸಲು ಒಂದು ಕಾಲ ಉಂಟು. ತುಲಾ ತಿಂಗಳ ಗುಡುಗು ಮಳೆ ಹಿಂದೆ ಸರಿದು ವೃಶ್ಚಿಕ ಕಾಲಿಡುವ ಹೊತ್ತು. ನವೆಂಬರ್ ನಡುವಿನಿಂದ ಡಿಸೆಂಬರ್ ಕೊನೆಯ ತನಕ. ಹಸಿರು ಇನ್ನೂ ಮಾಸಿರುವುದಿಲ್ಲ, ಧೂಳು ಎದ್ದಿರುವುದಿಲ್ಲ. ಬೆಳಿಗ್ಗೆ ಆರೂವರೆಗೆ ಹೊರಟರೆ ತೋಡಿನ ಬದಿಯಲ್ಲಿ ಮಂಜು ಸೊಂಟದ ಎತ್ತರಕ್ಕೆ ನಿಂತಿರುತ್ತದೆ. ಇಳಿಜಾರಿನಲ್ಲಿ ಅದರೊಳಗೆ ಹೊಕ್ಕಾಗ ಮೊಣಕಾಲು ತಣ್ಣಗಾಗುತ್ತದೆ, ಏರು ಹತ್ತಿದಾಗ ಮತ್ತೆ ಬಿಸಿಲು. ಅಂಗಳಗಳಲ್ಲಿ ಹೊಸ ಅಡಿಕೆ ಹರವಿರುತ್ತಾರೆ. ಹೆಲ್ಮೆಟ್‌ನ ಗಾಜು ಎತ್ತಿದರೆ ಅದರ ಹಸಿ ವಾಸನೆ ಸಿಗುತ್ತದೆ.

ಹೆದ್ದಾರಿ ನನಗೆ ಬೇಡ. ತಲಪಾಡಿಯಿಂದ ದಕ್ಷಿಣಕ್ಕೆ ಆ ದಾರಿಯನ್ನು ಆರು ಪಥಕ್ಕೆ ಅಗಲ ಮಾಡುವ ಕೆಲಸ ನಡೆದಿದೆ, ವೃಶ್ಚಿಕ ಬಂದರೆ ಶಬರಿಮಲೆಗೆ ಹೋಗುವ ವಾಹನಗಳು ಬೇರೆ. ನನ್ನದು ಪೆರ್ಲ, ಸ್ವರ್ಗ, ವಾಣಿನಗರ, ಇಲ್ಲವಾದರೆ ಬೆಳ್ಳೂರು, ಕಿನ್ನಿಂಗಾರು. ಕೆಲವೊಮ್ಮೆ ದೂರ ಹೋಗುವ ಮನಸ್ಸಾದರೆ ಪಾಣತ್ತೂರಿನಿಂದ ಕರಿಕೆ ದಾಟಿ ಭಾಗಮಂಡಲದ ಕಾಡುದಾರಿ. ಆದರೆ ನನಗೆ ಜಾಸ್ತಿ ಇಷ್ಟ ಪಂಚಾಯತಿನ ಸಣ್ಣ ರಸ್ತೆಗಳು, ಎಲ್ಲಿಗೆ ಹೋಗುತ್ತವೆ ಅಂತ ಫಲಕ ಇಲ್ಲದವು.

ಈ ರಸ್ತೆಗಳಲ್ಲಿ ಓಡಿಸುವವರಿಗೆ ಒಂದು ಮಾತು. ಬಿಸಿಲು ಬಂತು ಅಂತ ರಸ್ತೆ ಒಣಗಿತು ಅಂದುಕೊಳ್ಳಬೇಡಿ. ಮುರಕಲ್ಲಿನ ಗುಡ್ಡ ಕಡಿದು ಮಾಡಿದ ದಾರಿಯಲ್ಲಿ ಬಿಸಿಲು ಬೀಳುವುದೇ ಹನ್ನೊಂದು ಗಂಟೆಗೆ. ಮಳೆಗಾಲದ ಪಾಚಿ ಕಪ್ಪಾಗಿ ಅಲ್ಲೇ ಅಂಟಿಕೊಂಡಿರುತ್ತದೆ, ಮೇಲೆ ಇಬ್ಬನಿ ಬಿದ್ದರೆ ಮುಗಿಯಿತು. ಇನ್ನೊಂದು, ಅಡಿಕೆ ಹಾಳೆ. ಒಳಮೈ ಮೇಲಾಗಿ ಬಿದ್ದ ಹಸಿ ಹಾಳೆಯ ಮೇಲೆ ಮುಂದಿನ ಚಕ್ರ ಹತ್ತಿದರೆ ಸಾಬೂನಿನ ಮೇಲೆ ಹತ್ತಿದ ಹಾಗೆ. ತಿರುವಿನಲ್ಲಿ ಬ್ರೇಕ್ ಮುಟ್ಟಬೇಡಿ. ತಿರುವಿಗೆ ಮೊದಲೇ ಗೇರ್ ಇಳಿಸಿ.

ಇದು ನನಗೆ ಗೊತ್ತಿದ್ದೂ 2016ರ ನವೆಂಬರ್ ಕೊನೆಯ ಭಾನುವಾರ ನಾನು ಬಿದ್ದೆ. ಎಣ್ಮಕಜೆ ಕಡೆಯ ಒಂದು ಇಳಿಜಾರು. ಜೋರಿರಲಿಲ್ಲ, ಎರಡನೇ ಗೇರ್. ಬೈಕ್ ಬದಿಗೆ ಮಲಗಿತು, ಮೊಣಕೈ ತರಚಿತು, ಕಾಲು ಬೈಕಿನ ಅಡಿಗೆ ಸಿಕ್ಕಿಕೊಂಡಿತು. ಕೆಳಗಿನ ಮನೆಯಿಂದ ಒಬ್ಬರು ಹೆಂಗಸು ಓಡಿ ಬಂದರು. ಬೈಕ್ ಎತ್ತಲು ಕೈ ಕೊಟ್ಟರು, ಮನೆಗೆ ಕರೆದುಕೊಂಡು ಹೋಗಿ ಗಾಯ ತೊಳೆಯಲು ನೀರು ಕೊಟ್ಟರು, ಬೆಲ್ಲ ಹಾಕಿದ ಕಪ್ಪು ಚಾ ಕೊಟ್ಟರು. ಜಗಲಿಯಲ್ಲಿ ಚಾಪೆಯ ಮೇಲೆ ಅವರ ಮಗ ಮಲಗಿದ್ದ. ಇಪ್ಪತ್ತಮೂರು ವರ್ಷ, ನೋಡಲು ಹತ್ತು ವರ್ಷದ ಹುಡುಗ. ಮಾತು ಬರುವುದಿಲ್ಲ, ಎದ್ದು ಕೂರಲಾಗುವುದಿಲ್ಲ. ನನ್ನ ಹೆಲ್ಮೆಟ್ ನೋಡಿ ನಕ್ಕ.

ಹೊರಡುವಾಗ ಆ ಅಮ್ಮ ಹೇಳಿದರು, ‘ಇನ್ನು ಈ ದಾರಿಯಲ್ಲಿ ಬರುವಾಗ ಮೇಲೆಯೇ ಬೈಕ್ ನಿಲ್ಲಿಸಿ ನಡೆದು ಬನ್ನಿ ಅಣ್ಣ.’ ಬರಬೇಡಿ ಅನ್ನಲಿಲ್ಲ. ಬರುತ್ತೀರಿ ಅಂತಲೇ ಲೆಕ್ಕ ಹಾಕಿ ಹೇಳಿದರು. ಅವರು ಮಗನನ್ನು ಬಿಟ್ಟು ಪೆರ್ಲ ಪೇಟೆಗೆ ಹೋಗಿ ಎಷ್ಟು ತಿಂಗಳಾಗಿತ್ತು ಅಂತ ನನಗೆ ಗೊತ್ತಾದದ್ದು ಎರಡನೇ ಸಲ ಹೋದಾಗ.

ಹೊರಗಿನ ಓದುಗರಿಗಾಗಿ ನಾಲ್ಕು ಸಾಲು. ಇಲ್ಲಿನ ಸರಕಾರಿ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಗೇರಿನ ಚಿಗುರು, ಹೂ ಹೀರುವ ಟೀ ಸೊಳ್ಳೆ ಅನ್ನುವ ಕೀಟಕ್ಕೆ ಮದ್ದು ಅದು. ತೋಟ ಗುಡ್ಡದ ಮೇಲೆ, ಮನೆ, ಬಾವಿ, ತೋಡು ಎಲ್ಲ ಕೆಳಗಿನ ಕಣಿವೆಯಲ್ಲಿ. ಹುಟ್ಟಿನಿಂದಲೇ ಅಂಗವೈಕಲ್ಯ, ಬುದ್ಧಿ ಬೆಳೆಯದ ಮಕ್ಕಳು, ಫಿಟ್ಸ್, ಕ್ಯಾನ್ಸರ್. ಸುಪ್ರೀಂ ಕೋರ್ಟ್ 2011ರ ಮೇ ತಿಂಗಳಲ್ಲಿ ದೇಶಕ್ಕೆಲ್ಲ ಆ ಮದ್ದನ್ನು ನಿಲ್ಲಿಸಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರಕಾರಕ್ಕೆ ಹೇಳಿತು. ಇದೆಲ್ಲ ಕಾಗದದಲ್ಲಿ ಓದಿದವರು ತುಂಬ ಜನ ಇದ್ದಾರೆ. ಬೈಕಿನಲ್ಲಿ ಹೋದರೆ ಮೈಗೇ ಗೊತ್ತಾಗುತ್ತದೆ. ಗೇರು ಗುಡ್ಡದ ಬಯಲಿನಲ್ಲಿ ಗಾಳಿ ಹೊಡೆಯುತ್ತದೆ, ನಂತರ ರಸ್ತೆ ಕಡಿದಾಗಿ ಇಳಿಯುತ್ತದೆ, ಇಳಿದು ಇಳಿದು ಬೈಕ್ ಎರಡನೇ ಗೇರ್‌ಗೆ ಬಂದಾಗ ಒಂದು ಮನೆ. ಮೇಲೆ ಬಿದ್ದದ್ದು ಎಲ್ಲಿಗೆ ಹರಿಯಿತು ಅಂತ ಮತ್ತೆ ಯಾರೂ ವಿವರಿಸಬೇಕಾಗಿಲ್ಲ. ನಾನು ಬೈಕ್ ಓಡಿಸಲು ಇಷ್ಟಪಡುವ ಈ ಕಾಲವೇ ಗೇರು ಚಿಗುರಿ ಹೂ ಬಿಡಲು ಶುರುಮಾಡುವ ಕಾಲ. ಕೊನೆಯ ಸಲ ಆಕಾಶದಿಂದ ಮದ್ದು ಬಿದ್ದದ್ದೂ 2000ದ ಡಿಸೆಂಬರ್‌ನಲ್ಲಿ. ಆ ಅಮ್ಮನಿಗೆ ಈಗಲೂ ಗೇರು ಹೂವಿನ ವಾಸನೆ ಸಹಿಸಲಾಗುವುದಿಲ್ಲ.

2017ರ ಡಿಸೆಂಬರ್‌ನಲ್ಲಿ ನಾವು ಹನ್ನೊಂದು ಜನ ಮೊದಲ ಸಲ ಒಟ್ಟಿಗೆ ಹೋದೆವು. ಅಕ್ಕಿ, ಬಟ್ಟೆ, ಹಣ್ಣು. ಮೊದಲ ಮನೆಯ ಅಂಗಳಕ್ಕೇ ಬೈಕ್ ಇಳಿಸಿದೆವು, ಹನ್ನೊಂದೂ. ಅದರಲ್ಲಿ ನಾಲ್ಕು ಬುಲೆಟ್. ಆ ಶಬ್ದಕ್ಕೆ ಒಳಗಿದ್ದ ಹುಡುಗಿಗೆ ಫಿಟ್ಸ್ ಬಂತು. ಆಕೆಯ ಅಜ್ಜಿ ನಮಗೆ ಒಂದು ಮಾತೂ ಬೈಯಲಿಲ್ಲ. ಬಾಗಿಲು ಅರ್ಧ ಮುಚ್ಚಿ ಒಳಗೆ ಹೋದರು. ನಾವು ಅಕ್ಕಿ ಚೀಲ ಜಗಲಿಯಲ್ಲಿಟ್ಟು ಬೈಕ್ ತಳ್ಳಿಕೊಂಡು ಏರು ಹತ್ತಿದೆವು. ಆ ದಿನ ನನಗೆ ನಿಮ್ಮ ಪ್ರಶ್ನೆಯೇ ಬಂದಿತ್ತು. ದುಡ್ಡು ಕಳಿಸಿ ಮನೆಯಲ್ಲೇ ಕೂರಬಹುದಿತ್ತು ಅಂತ.

ಕೂರಲಿಲ್ಲ. ಮರುವರ್ಷದಿಂದ ಕ್ರಮ ಬದಲಾಯಿಸಿದೆವು. ಎಂಟೆಂಟು ಬೈಕಿನ ತಂಡ, ಒಂದೊಂದು ತಂಡಕ್ಕೆ ಒಂದೊಂದು ಕಡೆಯ ಮನೆಗಳು. ಸೈಲೆನ್ಸರ್ ಬದಲಾಯಿಸಿದ ಬೈಕಿಗೆ ಜಾಗವಿಲ್ಲ. ಧ್ವಜ, ಬ್ಯಾನರ್ ಇಲ್ಲ, ಹಾರ್ನ್ ಇಲ್ಲ. ಮನೆಗೆ ಅರ್ಧ ಕಿಲೋಮೀಟರ್ ಮೊದಲೇ ಇಂಜಿನ್ ಬಂದ್, ಮುಂದೆ ನಡಿಗೆ. ಮಕ್ಕಳ ಜೊತೆ ಫೋಟೋ ತೆಗೆಯಬಾರದು. ಈ ಒಂದು ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ. ಫೋಟೋ ಬೇಕು ಅಂದವರು ಮರುವರ್ಷ ಬರಬೇಕಾಗಿಲ್ಲ.

ರಸ್ತೆಯ ಕ್ರಮವೂ ಇದೆ. ಚೆರ್ಕಳದಿಂದ ಬದಿಯಡ್ಕ, ಪೆರ್ಲದ ಕಡೆ ಬರುವಂಥ ಅಗಲ ರಸ್ತೆಯಲ್ಲಿ ಒಬ್ಬ ಬಲಕ್ಕೆ, ಹಿಂದಿನವನು ಎಡಕ್ಕೆ, ಹೀಗೆ ಹಾವಿನ ಹೆಜ್ಜೆಯಲ್ಲಿ. ನೇರ ಮುಂದಿರುವ ಬೈಕ್ ಒಂದು ಕಂಬ ದಾಟಿದ ಮೇಲೆ ನೀವು ಆ ಕಂಬ ಮುಟ್ಟಲು ಎರಡು ಸೆಕೆಂಡ್ ಆದರೂ ಆಗಬೇಕು. ಕಿರಿದಾದ ದಾರಿಗೆ ತಿರುಗಿದ ಮೇಲೆ ಒಂದೇ ಸಾಲು, ಅಂತರ ಇನ್ನೂ ಜಾಸ್ತಿ. ದಾರಿ ಗೊತ್ತಿದ್ದವನು ಮುಂದೆ, ಅವನ ಬೆನ್ನಿಗೇ ಎಲ್ಲರಿಗಿಂತ ನಿಧಾನ ಓಡಿಸುವವರು. ಅವರ ವೇಗವೇ ತಂಡದ ವೇಗ. ಕೊನೆಗೆ ಅನುಭವಸ್ಥರೊಬ್ಬರು, ಪಂಕ್ಚರ್ ಸಾಮಾನು, ಔಷಧದ ಡಬ್ಬಿ ಅವರಲ್ಲಿ. ಪ್ರತಿ ಕವಲಿನಲ್ಲಿ, ಮುಂದಿನವನ ಹಿಂದೆ ಆ ಹೊತ್ತಿಗೆ ಯಾರಿದ್ದಾರೋ ಅವರು ನಿಂತು ಕೈ ತೋರಿಸುತ್ತಾರೆ. ಎಲ್ಲರೂ ದಾಟಿದ ಮೇಲೆ ಕೊನೆಯವರ ಮುಂದೆ ಸೇರಿಕೊಳ್ಳುತ್ತಾರೆ. ಹೀಗೆ ಮಾಡಿದರೆ ನೆಟ್‌ವರ್ಕ್ ಇಲ್ಲದ ಗುಡ್ಡದಲ್ಲೂ ಯಾರೂ ತಪ್ಪಿಹೋಗುವುದಿಲ್ಲ.

ಕಾರಿನಲ್ಲಿ ಹೋಗಬಹುದಲ್ವಾ ಅಂತಲೂ ಕೇಳುತ್ತಾರೆ. ಕೆಲವು ಮನೆಗಳಿಗೆ ಹೋಗಬಹುದು. ಹಲವು ಮನೆಗಳ ದಾರಿ ಅಡಿಕೆ ತೋಟದ ಬದುವಿನಲ್ಲಿ ಮುಗಿಯುತ್ತದೆ, ಆಮೇಲೆ ಸಂಕ, ಅಂದರೆ ತೋಡು ದಾಟುವ ಕಾಲುಸೇತುವೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮೂರನೇ ವರ್ಷ ಬೆಳ್ಳೂರು ಕಡೆಯ ಒಂದು ಮನೆಯಲ್ಲಿ ನಾವು ಗಾಳಿ ತುಂಬುವ ಹಾಸಿಗೆ ಕೊಟ್ಟೆವು. ಮಲಗಿದಲ್ಲೇ ಇರುವವರಿಗೆ ಬೆನ್ನು ಹುಣ್ಣಾಗದಿರಲು ಅದು ಬೇಕು. ಅಮ್ಮ ಅದನ್ನು ತೆಗೆದುಕೊಂಡು ಬದಿಗಿಟ್ಟು, ಒಳಗಿನಿಂದ ಪ್ಲಾಸ್ಟಿಕ್ ಚೀಲ ತಂದರು. ಅದರಲ್ಲಿ ಕಾಗದಗಳು, ಎಲ್ಲ ಮಲಯಾಳದಲ್ಲಿ. ಅವರಿಗೆ ಕನ್ನಡ ಓದಲು ಬರುತ್ತದೆ, ತುಳು ಮಾತಾಡುತ್ತಾರೆ. ಮಲಯಾಳದ ಅಕ್ಷರ ಗೊತ್ತಿಲ್ಲ. ‘ಇದರಲ್ಲಿ ಎಂತ ಬರೆದಿದ್ದಾರೆ ನೋಡ್ತೀರಾ?’ ನನಗೆ ಮಲಯಾಳ ಮಾತು ಬರುತ್ತದೆ, ಕಚೇರಿಯ ಮಲಯಾಳ ತಲೆಗೆ ಹತ್ತುವುದಿಲ್ಲ. ನಮ್ಮ ತಂಡದಲ್ಲಿ ಕಾಞಂಗಾಡಿನಿಂದ ಬಂದ ಹುಡುಗನೊಬ್ಬ ಇದ್ದ. ಅವನು ನೆಲದ ಮೇಲೆ ಕುಳಿತು ಒಂದೊಂದಾಗಿ ಓದಿದ, ನಾನು ಕನ್ನಡದಲ್ಲಿ ಹೇಳಿದೆ. ವೈದ್ಯಕೀಯ ಶಿಬಿರಕ್ಕೆ ಮಗಳನ್ನು ಕರೆತರಬೇಕು ಅಂತ ಒಂದರಲ್ಲಿ ಇತ್ತು. ದಿನಾಂಕ ಮುಂದಿನ ಗುರುವಾರದ್ದು.

ಗುರುವಾರ ಅವನು ರಜೆ ಹಾಕಿ ಜೀಪ್ ಮಾಡಿಕೊಂಡು ಬಂದ.

ಪೆಟ್ರೋಲಿನ ದುಡ್ಡು ಖಾತೆಗೆ ಹಾಕಿದ್ದರೆ ಆ ಮನೆಗೆ ಇನ್ನೂರು ರೂಪಾಯಿ ಹೋಗುತ್ತಿತ್ತು. ಆ ಚೀಲ ಒಳಗೇ ಇರುತ್ತಿತ್ತು. ನಮ್ಮ ಊರಿನಲ್ಲಿ ಏಳು ಭಾಷೆ ಅಂತ ವೇದಿಕೆಯ ಮೇಲೆ ಹೆಮ್ಮೆಯಿಂದ ಹೇಳುತ್ತೇವೆ, ನಾನೂ ಹೇಳುತ್ತೇನೆ. ಆ ಏಳು ಭಾಷೆಯವರು ಒಬ್ಬರ ಮನೆಗೆ ಒಬ್ಬರು ಹೋದರೆ ತಾನೆ ಅದರಿಂದ ಯಾರಿಗಾದರೂ ಉಪಯೋಗ? ಈಗ ಪ್ರತಿ ತಂಡದಲ್ಲೂ ಮಲಯಾಳ ಓದುವವರು ಒಬ್ಬರು, ತುಳು ಬರುವವರು ಒಬ್ಬರು ಇರಲೇಬೇಕು. ಮರಾಟಿ ಮಾತಾಡುವವರು ಸಿಕ್ಕಿದರೆ ಇನ್ನೂ ಒಳ್ಳೆಯದು.

ದೊಡ್ಡ ದೊಡ್ಡ ರೈಡುಗಳನ್ನೂ ನೋಡಿದ್ದೇನೆ. ನೂರಿನ್ನೂರು ಬೈಕ್ ಹೆದ್ದಾರಿಯಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಿ, ಸಭೆ ಮಾಡಿ, ಊಟ ಮಾಡಿ ಬರುತ್ತಾರೆ. ಹಣ ಚೆನ್ನಾಗಿ ಕೂಡುತ್ತದೆ, ಆ ಹಣದಿಂದ ಒಳ್ಳೆಯ ಕೆಲಸವೂ ಆಗುತ್ತದೆ. ಅದನ್ನು ತಪ್ಪು ಅನ್ನಲಾರೆ. ಆದರೆ ಅಂಥ ಕಡೆ ಪೆಟ್ರೋಲಿನ ಬಗ್ಗೆ ನೀವು ಕೇಳಿದರೆ, ಆ ಪ್ರಶ್ನೆಯಲ್ಲಿ ನ್ಯಾಯ ಇದೆ ಅಂತಲೇ ನನಗೆ ಅನಿಸುತ್ತದೆ.

ನನ್ನ ಒಂಟಿ ಭಾನುವಾರಗಳ ಬಗ್ಗೆಯೂ ಹೇಳಬೇಕು. ಅವು ನನಗೆ ಬೇಕು. ಯಾರ ಜೊತೆಯೂ ಮಾತಾಡದೆ, ಇಂಜಿನ್ನಿನ ಒಂದೇ ಸದ್ದು ಕೇಳುತ್ತ ಮೂರು ಗಂಟೆ ಹೋದರೆ ವಾರದ ಭಾರ ಇಳಿಯುತ್ತದೆ. ಅದನ್ನು ಸೇವೆ ಅಂತ ಕರೆಯುವುದಿಲ್ಲ, ಅದು ನನ್ನ ಸಂತೋಷ. ಆದರೆ ಡಿಸೆಂಬರ್‌ನ ಪಟ್ಟಿಯಲ್ಲಿರುವ ಮನೆಗಳಲ್ಲಿ ಮುಕ್ಕಾಲು ಪಾಲು ಸಿಕ್ಕಿದ್ದು ಹಾಗೆ ಅಲೆದಾಡಿದಾಗಲೇ. ಅಂಗಡಿಯಲ್ಲಿ ಸೋಡಾ ಕುಡಿಯುತ್ತ, ಬುದ್ಧಿ ಬೆಳೆಯದ ಮಕ್ಕಳ ಬಡ್ಸ್ ಶಾಲೆಯ ವ್ಯಾನ್ ಡ್ರೈವರ್ ಜೊತೆ ಮಾತಾಡುತ್ತ, ದಾರಿ ತಪ್ಪಿ ಕೇಳುತ್ತ. ‘ಆಚೆ ಗುಡ್ಡದ ಕೆಳಗೆ ಒಂದು ಮಗು ಉಂಟು’ ಅಂತ ಯಾರಾದರೂ ಹೇಳುತ್ತಾರೆ. ಅವಸರದಲ್ಲಿ ಇರುವವನಿಗೆ ಯಾರೂ ಅದನ್ನು ಹೇಳುವುದಿಲ್ಲ.

ಈ ವರ್ಷ ಡಿಸೆಂಬರ್ ಎರಡನೇ ಭಾನುವಾರ ಹೊರಡುತ್ತೇವೆ. ಅದಕ್ಕೆ ಮೊದಲು, ಬರುವ ಭಾನುವಾರ, ನಾನೊಬ್ಬನೇ ಹೋಗಿ ಬರಬೇಕು. ತುಲಾ ಮಳೆಗೆ ಎರಡು ಮನೆಗಳ ದಾರಿಯ ಸಂಕ ಹೋಗಿದೆ ಅಂತ ಸುದ್ದಿ ಬಂದಿದೆ. ಒಂದು, ನಾನು ಬಿದ್ದ ದಿನ ಚಾ ಕೊಟ್ಟ ಆ ಅಮ್ಮನ ಮನೆಯದ್ದು. ಹುಡುಗನಿಗೆ ಈಗ ಮೂವತ್ತು ದಾಟಿದೆ. ನನ್ನ ಹಳೆಯ ಹೆಲ್ಮೆಟ್ ಅವನ ಚಾಪೆಯ ಪಕ್ಕದಲ್ಲೇ ಇರುತ್ತದೆ. ಮೇಲೆಯೇ ಬೈಕ್ ನಿಲ್ಲಿಸಿ ನಡೆದು ಹೋಗುತ್ತೇನೆ.